ಎರೆಹೊಲದ ನಡುವೆ ಕೆಟ್ಟು ನಿಂತ ಜೀಪು: ಇಂಜಿನ್ ಹೆಡ್ ಬಿಚ್ಚಿಸುವ ಮೊದಲು ಸಲಹೆ ಬೇಕಾಗಿದೆ

ಗಿರಣಿಚಾಳದವ, ಹುಬ್ಬಳ್ಳಿ (ಪ್ರಶ್ನೆ)

ಬಲ್ಲವರಿಗೆಲ್ಲ ನಮಸ್ಕಾರ. ಹಿಂಗಾರಿ ಬಿತ್ತನೆಯ ದಿನಗಳಲ್ಲಿ ನಾವು ಕೆಲವು ಗೆಳೆಯರು ಹುಬ್ಬಳ್ಳಿಯಿಂದ ಹೊರಟು, ಗದಗ ದಾಟಿ, ಡಂಬಳದ ಆಚೆ ನಮ್ಮಲ್ಲೊಬ್ಬರ ಹಿರಿಯರ ಹೊಲದಲ್ಲಿ ಡೇರೆ ಹಾಕಿ ರಾತ್ರಿ ಕಳೆಯಲು ಹೋಗಿದ್ದೆವು. ಡಾಂಬರು ರಸ್ತೆ ಬಿಟ್ಟ ಮೇಲೆ ಸುಮಾರು 6 ಕಿ.ಮೀ. ಹೊಲದ ದಾರಿ. ಸಮೀಪದಲ್ಲಿ ಮನೆಗಳಿಲ್ಲ, ಒಡ್ಡಿನ ಮೇಲೆ ಹತ್ತಿ ನಿಂತರೆ ಮಾತ್ರ ಮೊಬೈಲಿಗೆ ಸಿಗ್ನಲ್ ಸಿಗುತ್ತಿತ್ತು. ವಾಹನವು ಹಳೆಯ ಡೀಸೆಲ್ ಜೀಪು, ಎಲೆಕ್ಟ್ರಾನಿಕ್ ನಿಯಂತ್ರಣವಿಲ್ಲದ ಇಂಜಿನ್.

ಹೊಲ ಇನ್ನೂ 2 ಕಿ.ಮೀ. ಇರುವಾಗ ಬಾನೆಟ್ಟಿನೊಳಗೆ ಏನೋ ಬಡಿದ ಸದ್ದಾಗಿ ಬ್ಯಾಟರಿಯ ಕೆಂಪು ದೀಪ ಹತ್ತಿತು. ಸ್ವಲ್ಪ ಹೊತ್ತಿಗೆ ಬ್ರೇಕ್ ಪೆಡಲ್ ಕಲ್ಲಿನಂತೆ ಗಟ್ಟಿಯಾಯಿತು. ಸಂಜೆಯಾಗುತ್ತಿದ್ದುದರಿಂದ ಓಡಿಸುತ್ತಿದ್ದ ಗೆಳೆಯರು ನಿಲ್ಲಿಸದೆ ನಿಧಾನವಾಗಿ ಹೊಲದವರೆಗೆ ತಂದರು. ಅಷ್ಟರಲ್ಲಿ ಉಷ್ಣತೆಯ ಮುಳ್ಳು ಕೆಂಪು ಗೆರೆ ಮುಟ್ಟಿ, ಆಮೇಲೆ ತಾನಾಗಿಯೇ ಕೆಳಗಿಳಿಯಿತು. ಬಾನೆಟ್ ಎತ್ತಿ ನೋಡಿದರೆ ಫ್ಯಾನ್ ಬೆಲ್ಟ್ ಹರಿದು ಚೂರಾಗಿತ್ತು. ನಮ್ಮ ಬಳಿ ಬೇರೆ ಬೆಲ್ಟ್ ಇರಲಿಲ್ಲ. ಅದೇ ರಾತ್ರಿ ಅರ್ಧ ತಾಸು ಜೋರು ಮಳೆಯಾಗಿ, ಬೆಳಿಗ್ಗೆ ನೋಡುವಾಗ ಜೀಪಿನ ಹಿಂದಿನ ಗಾಲಿಗಳು ಎರೆಯಲ್ಲಿ ಹುಗಿದಿದ್ದವು. ಎಳೆಯಲು ಬಂದ ಟ್ರ್ಯಾಕ್ಟರ್ ಕೂಡ ಮೊದಲು ತಾನೇ ಜಾರಿತು. ಮಧ್ಯಾಹ್ನದ ಬಿಸಿಲು ಬಿದ್ದ ಮೇಲಷ್ಟೇ ಕೆಲಸವಾಯಿತು.

ಈಗ ಜೀಪು ಗದುಗಿನ ಒಂದು ಗ್ಯಾರೇಜಿನಲ್ಲಿದೆ. ಹೆಡ್ ಗ್ಯಾಸ್ಕೆಟ್ (ಇಂಜಿನ್ನಿನ ಮೇಲ್ಭಾಗವಾದ ಹೆಡ್ಡಿಗೂ ಅದರ ಕೆಳಗಿನ ಭಾಗಕ್ಕೂ ನಡುವೆ ಇರುವ ಸೀಲ್) ಹೋಗಿರಲೇಬೇಕು, ಹೆಡ್ ಬಿಚ್ಚಬೇಕು ಎಂದು ಅಲ್ಲಿಯ ಮಿಸ್ತ್ರಿಯವರು ಹೇಳುತ್ತಿದ್ದಾರೆ. ಬಿಚ್ಚದೆಯೇ ಇದನ್ನು ಖಚಿತಪಡಿಸಿಕೊಳ್ಳಲು ಮಾರ್ಗವಿದೆಯೇ? ಡಿಸೆಂಬರ್ 13–14ರ ಸುಮಾರಿಗೆ ಮಿಥುನ ರಾಶಿಯ ಉಲ್ಕೆಗಳನ್ನು ನೋಡಲು ಮತ್ತೆ ಅಲ್ಲಿಗೇ, ಸಾಧ್ಯವಾದರೆ ಕಪ್ಪತಗುಡ್ಡದ ಸಮೀಪಕ್ಕೆ ಹೋಗುವ ವಿಚಾರವಿದೆ. ಅಂಥ ಕಡೆ ವಾಹನ ಕೆಟ್ಟರೆ ಏನು ಮಾಡಬೇಕು, ಜೊತೆಗೆ ಏನೇನು ಇರಬೇಕು ಎಂಬುದನ್ನೂ ತಿಳಿಸಬೇಕಾಗಿ ವಿನಂತಿ.

ಕಾರವಾರ ರಸ್ತೆಯ ಫಿಟರ್, ಹುಬ್ಬಳ್ಳಿ

ನೀವು ಬರೆದ ಮೂರು ಲಕ್ಷಣಗಳೂ ಒಂದೇ ಕಾರಣದಿಂದ ಬಂದವು. ನಿಮ್ಮಂಥ ಹಳೆಯ ಇಂಜಿನ್ನಿನಲ್ಲಿ ಒಂದೇ ಬೆಲ್ಟ್ ಫ್ಯಾನನ್ನೂ ವಾಟರ್ ಪಂಪನ್ನೂ ಆಲ್ಟರ್ನೇಟರನ್ನೂ ತಿರುಗಿಸುತ್ತದೆ. ಅದು ಹರಿದೊಡನೆ ಚಾರ್ಜಿಂಗ್ ನಿಂತು ಬ್ಯಾಟರಿ ದೀಪ ಹತ್ತುತ್ತದೆ. ಅನೇಕ ಡೀಸೆಲ್ ಗಾಡಿಗಳಲ್ಲಿ ಬ್ರೇಕಿಗೆ ಬಲ ಕೊಡುವ ವ್ಯಾಕ್ಯೂಮ್ ಪಂಪ್ ಆಲ್ಟರ್ನೇಟರಿನ ಬೆನ್ನಿಗೇ ಇರುವುದರಿಂದ, ಒಳಗೆ ಉಳಿದಿದ್ದ ವ್ಯಾಕ್ಯೂಮ್ ತೀರಿದ ಮೇಲೆ ಪೆಡಲ್ ಗಟ್ಟಿಯಾಗುತ್ತದೆ. ಬ್ರೇಕ್ ಇರುತ್ತದೆ, ಆದರೆ ಕಾಲಿನ ಪೂರ್ತಿ ಶಕ್ತಿ ಹಾಕಿ ಒತ್ತಬೇಕು. ಇಳಿಜಾರಿನಲ್ಲಿ ಇದು ಜೀವಕ್ಕೇ ಅಪಾಯ. ಇಂಥ ಇಂಜಿನ್ ಒಮ್ಮೆ ಚಾಲೂ ಆದ ಮೇಲೆ ಬಹಳ ಕಡಿಮೆ ಕರೆಂಟಿನಲ್ಲಿ ಓಡುತ್ತದೆಯಾದ್ದರಿಂದ, ಬ್ಯಾಟರಿ ಖಾಲಿಯಾಗಿ ನಿಲ್ಲುವುದಕ್ಕಿಂತ ಬಹಳ ಮೊದಲೇ ನೀರು ಕುದಿಯುತ್ತದೆ. ಹಾಗಾಗಿ ಬ್ಯಾಟರಿ ದೀಪವನ್ನು ಕೇವಲ ಬ್ಯಾಟರಿಯ ದೀಪವೆಂದು ಭಾವಿಸದೆ, ಅದು ಹತ್ತಿದ ಕ್ಷಣವೇ ಇಂಜಿನ್ ನಿಲ್ಲಿಸಿ ಬೆಲ್ಟನ್ನು ನೋಡಬೇಕು.

ಮುಳ್ಳು ತಾನಾಗಿ ಕೆಳಗಿಳಿದದ್ದನ್ನು ಕಂಡು ಇಂಜಿನ್ ತಣ್ಣಗಾಯಿತೆಂದು ತಿಳಿಯಬೇಡಿ. ಉಷ್ಣತೆ ಅಳೆಯುವ ಸೆನ್ಸರ್ ನೀರಿನಲ್ಲಿ ಮುಳುಗಿರುವಾಗ ಮಾತ್ರ ಸರಿಯಾದ ಲೆಕ್ಕ ಕೊಡುತ್ತದೆ. ನೀರು ಹೊರಚೆಲ್ಲಿ ಸೆನ್ಸರ್ ಬರಿಯ ಹಬೆಯಲ್ಲಿ ಉಳಿದರೆ ಮುಳ್ಳು ಸುಳ್ಳು ಹೇಳುತ್ತದೆ. ನನ್ನನ್ನು ಚಿಂತೆಗೆ ಹಚ್ಚಿದ ಸಂಗತಿ ಇದೊಂದೇ.

ಆದರೂ ಕೂಡಲೇ ಹೆಡ್ ಬಿಚ್ಚಿಸುವುದನ್ನು ನಾನು ಒಪ್ಪುವುದಿಲ್ಲ. ಮೊದಲು ಡಿಪ್ ಸ್ಟಿಕ್ ಎಳೆದು, ಆಯಿಲ್ ಹಾಕುವ ಮುಚ್ಚಳವನ್ನೂ ತೆಗೆದು ನೋಡಿ: ಆಯಿಲಿನೊಳಗೆ ನೀರು ಸೇರಿದ್ದರೆ ಅದು ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗಿರುತ್ತದೆ. ಅದು ಸರಿಯಿದ್ದರೆ ಹೊಸ ಬೆಲ್ಟ್ ಹಾಕಿಸಿ, ರೇಡಿಯೇಟರಿಗೆ ನೀರು ತುಂಬಿಸಿ, ಪೂರ್ತಿ ತಣ್ಣಗಿರುವ ಇಂಜಿನ್ನನ್ನು ಮುಚ್ಚಳ ತೆಗೆದಿಟ್ಟೇ ಚಾಲೂ ಮಾಡಿಸಿ. ಮೊದಲಿಗೆ ಒಂದೆರಡು ಗುಳ್ಳೆ ಬಂದು ನಿಂತರೆ ಅದು ಒಳಗೆ ಸಿಕ್ಕಿದ್ದ ಗಾಳಿ. ಗುಳ್ಳೆಗಳು ನಿಲ್ಲದೆ ಬರುತ್ತಲೇ ಇದ್ದರೆ ಸಿಲಿಂಡರಿನ ಗ್ಯಾಸ್ ನೀರಿಗೆ ನುಗ್ಗುತ್ತಿದೆ ಎಂದರ್ಥ. ಹೊಗೆ ನಳಿಗೆಯಿಂದ ಬಿಳಿ ಹಬೆ ಇಂಜಿನ್ ಕಾದ ಮೇಲೂ ಬರುತ್ತಿದ್ದರೆ, ಅಥವಾ ಚಾಲೂ ಮಾಡಿದ ನಿಮಿಷದೊಳಗೇ ಮೇಲಿನ ರಬ್ಬರ್ ಹೋಸ್ ಉಬ್ಬಿ ಗಟ್ಟಿಯಾದರೆ ಅನುಮಾನ ಬಲವಾಗುತ್ತದೆ. ರೇಡಿಯೇಟರಿನ ಬಾಯಿಗೆ ನೀಲಿ ದ್ರಾವಣದ ಕೊಳವೆ ಇಟ್ಟು, ಸುಟ್ಟ ಗ್ಯಾಸ್ ಬಂದರೆ ಬಣ್ಣ ಬದಲಾಗುವ ಪರೀಕ್ಷೆಯೂ ಇದೆ; ದೊಡ್ಡ ಗ್ಯಾರೇಜುಗಳಲ್ಲಿ ಅದನ್ನು ಮಾಡುತ್ತಾರೆ. ಇವುಗಳಲ್ಲಿ ಯಾವುದಾದರೂ ಸ್ಪಷ್ಟವಾಗಿ ಸಿಕ್ಕರೆ ಹೆಡ್ ಬಿಚ್ಚಿಸಿ, ಬಿಚ್ಚಿದ ಮೇಲೆ ಬರಿಯ ಗ್ಯಾಸ್ಕೆಟ್ ಬದಲಿಸಿ ಮುಚ್ಚದೆ, ಹೆಡ್ ಬಾಗಿದೆಯೇ ಎಂದು ನೇರಪಟ್ಟಿ ಇಟ್ಟು ನೋಡಿಸಿ.

ಇನ್ನೊಂದು ಮುಖ್ಯ ವಿಷಯ. ಬೆಲ್ಟ್ ಹಳತಾಗಿ ಹರಿಯುವುದುಂಟು, ನಿಜ; ಆದರೆ ಚೂರುಚೂರಾಗಿತ್ತು ಎಂದು ನೀವು ಬರೆದಿದ್ದೀರಿ. ಹಾಗಿದ್ದರೆ ಯಾವುದೋ ಪುಲ್ಲಿ ವಾರೆಯಾಗಿರಬಹುದು. ಬೆಲ್ಟ್ ಇಲ್ಲದ ಈ ಸಮಯದಲ್ಲೇ ಪ್ರತಿಯೊಂದು ಪುಲ್ಲಿಯನ್ನೂ ಕೈಯಿಂದ ಹಿಡಿದು ಅಲ್ಲಾಡಿಸಿ ನೋಡಲು ಹೇಳಿ.

ದಾರಿಯಲ್ಲಿ ಕಾದ ಇಂಜಿನ್ನಿನ ವಿಷಯದಲ್ಲಿ ಇಷ್ಟು: ಮುಚ್ಚಳ ಬಿಗಿಯಾಗಿರುವಾಗ ಒತ್ತಡದಿಂದಾಗಿ ಒಳಗಿನ ನೀರು 100 ಡಿಗ್ರಿ ದಾಟಿಯೂ ಕುದಿಯದೆ ಇರುತ್ತದೆ, ತೆರೆದ ಕ್ಷಣ ಕುದಿದು ಮುಖಕ್ಕೆ ಚಿಮ್ಮುತ್ತದೆ. ಕಾದ ಇಂಜಿನ್ನಿನೊಳಕ್ಕೆ ತಣ್ಣೀರು ಸುರಿದರೆ ಹೆಡ್ ಬಿರುಕು ಬಿಡಬಹುದು. ಬಾನೆಟ್ ತೆರೆದಿಟ್ಟು ಕೈ ಇಡುವಷ್ಟು ತಣ್ಣಗಾಗುವವರೆಗೆ ಕಾಯುವುದೊಂದೇ ದಾರಿ. ಬೆಲ್ಟಿನ ಬದಲಿಗೆ ನೈಲಾನ್ ಹಗ್ಗ ಕಟ್ಟಿ ಓಡಿಸಿದವರ ಕಥೆಗಳನ್ನು ನಾನೂ ಕೇಳಿದ್ದೇನೆ; ಗಂಟು ಪುಲ್ಲಿಯ ಮೇಲೆ ಎಷ್ಟು ಹೊತ್ತು ನಿಲ್ಲುತ್ತದೆಂದು ಆ ಕಥೆಗಳಲ್ಲಿ ಯಾರೂ ಹೇಳುವುದಿಲ್ಲ. ಹೊಸ ಬೆಲ್ಟ್ ಹಾಕಿಸುವಾಗ ಅದರ ಬೆನ್ನ ಮೇಲಿನ ನಂಬರ್ ನೋಡಿ ಅಂಥದೇ ಇನ್ನೊಂದನ್ನು ಕೊಂಡು, ಅದನ್ನು ಬಿಗಿಮಾಡಲು ಬೇಕಾದ ಪಾನಾಗಳ ಜೊತೆ ಸೀಟಿನ ಕೆಳಗೆ ಇಡಿ.

ಎರೆಹೊಲ, ಗದಗ

ಇಂಜಿನ್ನಿನ ವಿಷಯ ಮೇಲಿನವರು ಹೇಳಿದ್ದಾರೆ. ನಾನು ಮಣ್ಣಿನ ವಿಷಯ ಬರೆಯುತ್ತೇನೆ. ಎರೆಯಲ್ಲಿರುವ ಜೇಡಿಯ ಕಣಗಳು ನೀರು ಹೀರಿ ಉಬ್ಬುತ್ತವೆ, ಒಣಗಿದಾಗ ಕುಗ್ಗಿ ಬಿರುಕು ಬಿಡುತ್ತವೆ. ಕಡಲೆ, ಬಿಳಿಜೋಳಗಳು ಮಳೆ ನಿಂತ ಮೇಲೂ ಬರಿಯ ತೇವದಲ್ಲಿ ಬೆಳೆಯುವುದು ಈ ಗುಣದಿಂದಲೇ. ನಿಮ್ಮ ಗಾಲಿ ಹುಗಿದದ್ದೂ ಇದೇ ಗುಣದಿಂದ. ಹಸಿ ಎರೆಯು ಟೈರಿನ ಗೀರುಗಳಲ್ಲಿ ತುಂಬಿಕೊಂಡು ಅದನ್ನು ನುಣುಪಾದ ಉರುಳೆಯಾಗಿಸುತ್ತದೆ; ಇನ್ನೂ ಹೆಚ್ಚು ಅಂಟಿದರೆ ಮಡ್‌ಗಾರ್ಡಿನೊಳಗೆ ಗಟ್ಟಿಯಾಗಿ ಗಾಲಿಯೇ ತಿರುಗದಂತಾಗುತ್ತದೆ. ನಾಲ್ಕೂ ಗಾಲಿಗೆ ಬಲ ಕೊಡುವ ಗಾಡಿಯಾದರೂ ಇಲ್ಲಿ ನಾಲ್ಕೂ ಗಾಲಿ ಜಾರುತ್ತವೆ, ಅಷ್ಟೇ. ಮರಳಿನಲ್ಲಿ ಟೈರಿನ ಗಾಳಿ ಇಳಿಸುವ ಉಪಾಯಕ್ಕೆ ಹಸಿ ಎರೆಯಲ್ಲಿ ಹೆಚ್ಚಿನ ಫಲವಿಲ್ಲ. ಆಕ್ಸಿಲರೇಟರ್ ಒತ್ತಿದಷ್ಟೂ ಕುಣಿ ಆಳವಾಗುತ್ತದೆ. ಒಳ್ಳೆಯ ಬಿಸಿಲಿಗೆ ಮೇಲಿನ ಪದರ ಬಿಗಿಯುವವರೆಗೆ ಕಾಯುವುದೇ ಲೇಸು. ನಿಮ್ಮ ಟ್ರ್ಯಾಕ್ಟರಿನವರೂ ಕಡೆಗೆ ಅದನ್ನೇ ಮಾಡಿದ್ದಾರೆ.

ಆದ್ದರಿಂದ ಡೇರೆ ಎಲ್ಲಿಯಾದರೂ ಇರಲಿ, ಗಾಡಿಯನ್ನು ಗರಸು ಹಾಕಿದ ದಾರಿಯಲ್ಲೇ, ಮುಖವನ್ನು ಊರ ಕಡೆಗೆ ತಿರುಗಿಸಿ ನಿಲ್ಲಿಸಿ. ನಡುವೆ ಹಳ್ಳ ಇದ್ದರೆ ಅದರ ಈಚೆಯೇ ನಿಲ್ಲಿಸುವುದು ಉತ್ತಮ. ಬೆಣ್ಣೆಹಳ್ಳದ ಸೀಮೆಯವರನ್ನು ಕೇಳಿದರೆ ಗೊತ್ತಾಗುತ್ತದೆ: ನಿಮ್ಮ ತಲೆಯ ಮೇಲೆ ಹನಿ ಬೀಳದಿದ್ದರೂ ಮೇಲಿನ ಊರುಗಳಲ್ಲಿ ಆದ ಮಳೆಗೆ ಹಳ್ಳ ಬರುತ್ತದೆ. ಟ್ರ್ಯಾಕ್ಟರಿಗೆ ಕಟ್ಟುವಾಗ ಹಗ್ಗವನ್ನು ಬಂಪರಿಗೆ ಬಿಗಿಯದೆ ಚಾಸಿಗೆ ಸೇರಿದ ಕೊಂಡಿಗೇ ಬಿಗಿಯಬೇಕು, ಎಳೆಯುವಾಗ ಯಾರೂ ಹಗ್ಗದ ಬಳಿ ನಿಲ್ಲಬಾರದು. ಹರಿದ ನೈಲಾನ್ ಹಗ್ಗದ ಏಟು ಸಣ್ಣದಲ್ಲ.

ಕಪ್ಪತಗುಡ್ಡದ ಬಗ್ಗೆ ಖಂಡಿತವಾಗಿ ಹೇಳಬೇಕಾದದ್ದಿದೆ. 2019ರಿಂದ ಅದು ವನ್ಯಜೀವಿಧಾಮ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅನುಮತಿಯಿಲ್ಲದೆ ಒಳಗೆ ಹೋಗುವುದೂ ಬೆಂಕಿ ಹಚ್ಚುವುದೂ ಅಪರಾಧ. ಡಿಸೆಂಬರಿನ ಹೊತ್ತಿಗೆ ಗುಡ್ಡದ ಹುಲ್ಲು ಒಣಗತೊಡಗಿರುತ್ತದೆ, ಗಾಳಿಯಂತೂ ಅಲ್ಲಿನ ಗಾಳಿಯಂತ್ರಗಳನ್ನು ನೋಡಿದರೇ ತಿಳಿಯುತ್ತದೆ. ಒಂದು ಕಿಡಿ ಸಾಕು. ಉಲ್ಕೆಗಳು ಗುಡ್ಡದ ಮೇಲಿನಿಂದ ಹೇಗೋ ನಿಮ್ಮ ಗೆಳೆಯರ ಹೊಲದಿಂದಲೂ ಹಾಗೆಯೇ ಕಾಣುತ್ತವೆ. ದಯವಿಟ್ಟು ಹೊಲದಲ್ಲೇ ಉಳಿಯಿರಿ.

ಯಾಲಕ್ಕಿನಾಡಿನವ, ಹಾವೇರಿ (ಈಗ ಅಡಿಲೇಡ್)

ನಾನು ಹಾವೇರಿಯವನು, ಉದ್ಯೋಗದ ನಿಮಿತ್ತ ಆಸ್ಟ್ರೇಲಿಯಾದಲ್ಲಿದ್ದೇನೆ. ಇಲ್ಲಿಯ ಒಳನಾಡಿನಲ್ಲಿ ಮರ‍್ರೀ ಎಂಬ ಊರಿನಿಂದ ಬರ್ಡ್ಸ್‌ವಿಲ್‌ವರೆಗೆ 517 ಕಿ.ಮೀ. ಉದ್ದದ ಕಚ್ಚಾ ರಸ್ತೆಯಿದೆ. ನಡುವೆ ಡೀಸೆಲ್ ಸಿಗುವುದು ಮಂಗರಾನಿ ಎಂಬ ಒಂದೇ ತಾಣದಲ್ಲಿ. ಮಳೆಯಾದರೆ ಸರ್ಕಾರವೇ ರಸ್ತೆಯನ್ನು ಮುಚ್ಚುತ್ತದೆ, ಮುಚ್ಚಿದ ರಸ್ತೆಯಲ್ಲಿ ಗಾಡಿ ಓಡಿಸಿದವರಿಗೆ ದಂಡ ಬೀಳುತ್ತದೆ. ಎರೆಹೊಲದವರು ಕಾಯಿರಿ ಎಂದದ್ದನ್ನು ಇಲ್ಲಿ ಕಾನೂನೇ ಹೇಳುತ್ತದೆ.

ಇಂಥ ಪ್ರಯಾಣಕ್ಕೆ ಹೊರಡುವವರು ಯಾವ ದಾರಿಯಲ್ಲಿ ಹೋಗುತ್ತೇವೆ, ಯಾವ ಹೊತ್ತಿಗೆ ಮರಳುತ್ತೇವೆ, ಆ ಹೊತ್ತು ಮೀರಿದರೆ ಯಾರಿಗೆ ತಿಳಿಸಬೇಕು ಎಂಬುದನ್ನು ಊರಿನಲ್ಲಿರುವ ಒಬ್ಬರಿಗೆ ಬರೆದುಕೊಟ್ಟು ಹೋಗುತ್ತಾರೆ. ಬೇಸಿಗೆಯಲ್ಲಿ ತಲೆಗೆ ದಿನಕ್ಕೆ 10 ಲೀಟರ್ ನೀರಿನ ಲೆಕ್ಕ ಹಿಡಿಯುವವರು ಬಹಳ. ವಾಹನ ಕೆಟ್ಟರೆ ಅದನ್ನು ಬಿಟ್ಟು ನಡೆಯಬಾರದೆಂಬುದು ಇಲ್ಲಿಯ ಮೊದಲ ನಿಯಮ, ಏಕೆಂದರೆ ವಿಮಾನದಿಂದ ಹುಡುಕುವವರಿಗೆ ವಾಹನ ಕಾಣುವಷ್ಟು ಸುಲಭವಾಗಿ ಒಂಟಿ ಮನುಷ್ಯ ಕಾಣುವುದಿಲ್ಲ, ನೆರಳೂ ನೀರೂ ಇರುವುದು ವಾಹನದಲ್ಲೇ. ನೀವೂ ಈ ನಿಯಮವನ್ನು ಪಾಲಿಸುವುದು ಒಳ್ಳೆಯದು.

ಒಂದು ಎಚ್ಚರಿಕೆ: ಸಿಗ್ನಲ್ ಇಲ್ಲದ ಕಡೆ ಇಲ್ಲಿ ಸ್ಯಾಟಲೈಟ್ ಫೋನ್, ಸ್ಯಾಟಲೈಟ್ ಮೂಲಕ ಸಂದೇಶ ಕಳಿಸುವ ಸಾಧನಗಳನ್ನು ಮುಕ್ತವಾಗಿ ಬಳಸುತ್ತಾರೆ. ಭಾರತದಲ್ಲಿ ದೂರಸಂಪರ್ಕ ಇಲಾಖೆಯ ಅನುಮತಿಯಿಲ್ಲದೆ ಅವನ್ನು ಇಟ್ಟುಕೊಳ್ಳುವುದು ಅಪರಾಧವಾಗುತ್ತದೆ. ವಿದೇಶದಲ್ಲಿರುವ ಬಂಧುಗಳಿಂದ ತರಿಸುವ ಗೋಜಿಗೆ ಹೋಗಬೇಡಿ.

ಕೆಲಗೇರಿ ದಂಡೆ, ಧಾರವಾಡ

ಹಾವೇರಿಯ ಮಹನೀಯರ ಮಾತಿಗೆ ಒಂದು ತಿದ್ದುಪಡಿ. ಗಾಡಿ ಬಿಟ್ಟು ನಡೆಯಬಾರದೆಂಬ ನಿಯಮ ನೂರಾರು ಕಿ.ಮೀ. ಮನುಷ್ಯರಿಲ್ಲದ ನಾಡಿಗೆ ಸರಿ. ಡಂಬಳದ ಹೊಲದಿಂದ ಯಾವ ದಿಕ್ಕಿಗೆ ನಡೆದರೂ ಒಂದೆರಡು ತಾಸಿನಲ್ಲಿ ಊರು ಸಿಗುತ್ತದೆ, ಅದಕ್ಕೂ ಮೊದಲು ಯಾರಾದರೂ ರೈತರು ಸಿಗುತ್ತಾರೆ. ಹಗಲಿನಲ್ಲಿ ಇಬ್ಬರು ಕೂಡಿ ಬಂದ ದಾರಿಯಲ್ಲೇ ಹಿಂದಕ್ಕೆ ನಡೆಯುವುದರಲ್ಲಿ ತಪ್ಪೇನೂ ಇಲ್ಲ. ರಾತ್ರಿಯಾದರೆ ಮಾತ್ರ ಬೇಡ. ಕಪ್ಪತಗುಡ್ಡದ ಸುತ್ತ ಚಿರತೆ, ಕತ್ತೆಕಿರುಬಗಳಿವೆ, ಅವುಗಳಿಗಿಂತ ಹೆಚ್ಚಾಗಿ ಹಾವುಗಳಿವೆ. ನಿಮ್ಮ ಕಂಪನಿಯ ಸಿಗ್ನಲ್ ಇಲ್ಲದಿದ್ದರೂ ಬೇರೆ ಕಂಪನಿಯ ಸಿಗ್ನಲ್ ಇದ್ದರೆ 112ಕ್ಕೆ ಕರೆ ಹೋಗುವ ಸಾಧ್ಯತೆ ಇರುತ್ತದೆಯಾದ್ದರಿಂದ ಅದನ್ನೂ ಪ್ರಯತ್ನಿಸಿ.

ಗಿರಣಿಚಾಳದವ, ಹುಬ್ಬಳ್ಳಿ

ಎಲ್ಲರಿಗೂ ಧನ್ಯವಾದಗಳು. ಫಿಟರ್ ಅವರು ಬರೆದದ್ದನ್ನು ತೆಗೆದುಕೊಂಡು ಗ್ಯಾರೇಜಿಗೆ ಹೋಗಿದ್ದೆ. ಮಿಸ್ತ್ರಿಯವರು ಮೊದಲು ಸ್ವಲ್ಪ ಬೇಸರಿಸಿಕೊಂಡರೂ ಆಮೇಲೆ ಎಲ್ಲವನ್ನೂ ಮಾಡಿ ತೋರಿಸಿದರು. ಆಯಿಲ್ ಸ್ವಚ್ಛವಾಗಿದೆ. ರೇಡಿಯೇಟರ್ ಮಾತ್ರ ಬಹುತೇಕ ಖಾಲಿಯಾಗಿತ್ತು. ಪುಲ್ಲಿಗಳನ್ನು ಅಲ್ಲಾಡಿಸಿದಾಗ ವಾಟರ್ ಪಂಪಿನ ಪುಲ್ಲಿ ಕೈಗೇ ತಿಳಿಯುವಷ್ಟು ಓಲಾಡುತ್ತಿತ್ತು; ಒಳಗಿನ ಬೇರಿಂಗ್ ಸವೆದಿದೆಯಂತೆ. ಆದರೂ ಪರೀಕ್ಷೆಗೆಂದು ಸ್ವಲ್ಪ ಹೊತ್ತಿಗೆ ಬೆಲ್ಟ್ ಹಾಕಿ ಚಾಲೂ ಮಾಡಿದಾಗ ಮೊದಲಿಗೆ ಬಂದ ಗುಳ್ಳೆಗಳು ನಿಂತವು, ಹೋಸ್ ಉಬ್ಬಲಿಲ್ಲ, ಬಿಳಿ ಹಬೆಯೂ ಇಲ್ಲ. ಹೆಡ್ ಬಿಚ್ಚುವ ವಿಚಾರವನ್ನು ಸದ್ಯಕ್ಕೆ ಅವರೇ ಕೈಬಿಟ್ಟಿದ್ದಾರೆ. ಪಂಪನ್ನು ರಿಪೇರಿ ಮಾಡಿಸುವುದೋ ಹೊಸದನ್ನೇ ಹಾಕಿಸುವುದೋ ಎಂಬ ಪ್ರಶ್ನೆ ಉಳಿದಿದೆ. ಗುಡ್ಡದ ವಿಚಾರವನ್ನು ಬಿಟ್ಟು ಹೊಲದಲ್ಲೇ ಉಳಿಯಲು ಗೆಳೆಯರೆಲ್ಲ ಒಪ್ಪಿದ್ದಾರೆ.

ಕಾರವಾರ ರಸ್ತೆಯ ಫಿಟರ್, ಹುಬ್ಬಳ್ಳಿ

ಪಂಪ್ ಹೊಸದನ್ನೇ ಹಾಕಿಸಿ. ಊರಿನೊಳಗೆ ಓಡುವ ಗಾಡಿಯಾಗಿದ್ದರೆ ಬೇರಿಂಗ್, ಸೀಲ್ ಬದಲಿಸುವ ರಿಪೇರಿಗೆ ಒಪ್ಪುತ್ತಿದ್ದೆ. ಡಾಂಬರು ಬಿಟ್ಟು ಒಳಗೆ ಹೋಗುವ ಗಾಡಿಗೆ ಬೇಡ. ಅದರ ಜೊತೆಗೆ ಥರ್ಮೋಸ್ಟಾಟ್, ರೇಡಿಯೇಟರಿನ ಮುಚ್ಚಳ, ಎರಡೂ ಹೋಸ್ ಬದಲಿಸಿಬಿಡಿ. ಹೇಗೂ ನೀರು ಇಳಿಸಿರುತ್ತಾರೆ, ಮಜೂರಿ ಉಳಿಯುತ್ತದೆ. ಬೋರಿನ ಗಡಸು ನೀರು ತುಂಬಿಸಬೇಡಿ, ರೇಡಿಯೇಟರಿನ ಕೊಳವೆಗಳಲ್ಲಿ ಸುಣ್ಣ ಕಟ್ಟುತ್ತದೆ. ಕೂಲಂಟನ್ನು ಡಿಸ್ಟಿಲ್ಡ್ ನೀರಿನೊಡನೆ ಬೆರೆಸಿಯೇ ಹಾಕಿಸಿ.

ಕೆಲಸವಾದ ಮೇಲೆ ಧಾರವಾಡದವರೆಗೆ ಹೋಗಿ ಬಂದು, ಇಂಜಿನ್ ಪೂರ್ತಿ ತಣ್ಣಗಾದ ಮೇಲೆ ಮುಚ್ಚಳ ತೆಗೆದು ನೀರಿನ ಮಟ್ಟ ನೋಡಿ. ಒಳಗಿನ ಗಾಳಿ ಹೊರಬಿದ್ದು ಮೊದಲ ಸಲ ಸ್ವಲ್ಪ ಇಳಿದಿರುತ್ತದೆ, ತುಂಬಿಸಿ. ಹೊಸ ಬೆಲ್ಟ್ ಕೂಡ ಸ್ವಲ್ಪ ಸಡಿಲಾಗುತ್ತದೆ, ಅದನ್ನೂ ಆಗಲೇ ಮತ್ತೆ ಬಿಗಿಮಾಡಿಸಿ. ಎರಡನೆಯ ಸಲ ಓಡಿಸಿ ಬಂದಾಗಲೂ ಹೊರಗೆಲ್ಲೂ ಸೋರದೆ ನೀರು ಕಡಿಮೆಯಾಗಿದ್ದರೆ ಮಾತ್ರ ಹೆಡ್ ಬಿಚ್ಚುವ ಮಾತನ್ನು ಮತ್ತೆ ಎತ್ತೋಣ.