ಎರಡು ಕಾಲೇಜಿನಿಂದ ಕರೆ ಬಂದಿದೆ, ಯಾವುದಕ್ಕೆ ಸೇರಿಸಲಿ? ಓಡುವ ಮಕ್ಕಳ ಮನೆಯವರ ಪ್ರಶ್ನೆ, ಕೋಚ್ ಮೇಡಂ ಉತ್ತರ

(ಈ ವಾರ ಗುಂಪಿನಲ್ಲಿ ಉತ್ತರ ಕೊಡುತ್ತಿರುವವರು ಅಥ್ಲೆಟಿಕ್ಸ್ ಕೋಚ್. ಪದವಿ ಕಾಲೇಜಿನಲ್ಲಿ ದೈಹಿಕ ಶಿಕ್ಷಣ ನಿರ್ದೇಶಕಿಯಾಗಿದ್ದು ನಿವೃತ್ತರಾದವರು.)

ಪ್ರಶ್ನೆ, ಹಾಸನದಿಂದ ಒಬ್ಬ ತಂದೆ: ನಮಸ್ಕಾರ ಮೇಡಂ. ಮಗಳು ಸೆಕೆಂಡ್ ಪಿಯುಸಿ ಕಾಮರ್ಸ್. 400 ಮೀಟರ್ ಹರ್ಡಲ್ಸ್ ಓಡುತ್ತಾಳೆ. ಬೆಸ್ಟ್ ಟೈಮಿಂಗ್ 64 ಸೆಕೆಂಡ್, ರಾಜ್ಯ ಜೂನಿಯರ್ ಕೂಟದಲ್ಲಿ ನಾಲ್ಕನೇ ಸ್ಥಾನ. ಈಗ ಎರಡು ಕಡೆಯಿಂದ ಕರೆ ಬಂದಿದೆ. ಒಂದು ಕರಾವಳಿಯ ಕಾಲೇಜು. ಫೀಸು, ಹಾಸ್ಟೆಲ್, ಊಟ ಎಲ್ಲಾ ಉಚಿತ ಅನ್ನುತ್ತಾರೆ. ಇನ್ನೊಂದು ಬೆಂಗಳೂರಿನ ಖಾಸಗಿ ವಿಶ್ವವಿದ್ಯಾಲಯ. ಅಲ್ಲಿ ಅರ್ಧ ಫೀಸು ನಾವೇ ಕಟ್ಟಬೇಕು. ಇಬ್ಬರೂ ಪದಕಗಳ ಉದ್ದನೆಯ ಪಟ್ಟಿ ಕಳಿಸಿದ್ದಾರೆ. ನನಗೆ ಆಟದ ಗಂಧಗಾಳಿ ಗೊತ್ತಿಲ್ಲ, ಆಲೂಗಡ್ಡೆ ವ್ಯಾಪಾರ ಮಾಡುವವನು. ಏನು ನೋಡಿ ತೀರ್ಮಾನ ಮಾಡಲಿ?

ಉತ್ತರ: ಮೊದಲು ಆ ಪದಕದ ಪಟ್ಟಿಯನ್ನು ಪಕ್ಕಕ್ಕಿಡಿ ಸರ್. ಅದು ಸುಳ್ಳು ಅಂತಲ್ಲ. ಅದರಲ್ಲಿ ನಿಮ್ಮ ಮಗಳಿಗೆ ಬೇಕಾದ ವಿಷಯ ಇಲ್ಲ, ಅಷ್ಟೇ.

2022ರಲ್ಲಿ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟ ಬೆಂಗಳೂರಿನಲ್ಲಿ ನಡೆಯಿತಲ್ಲ, ಆಗ ಜೈನ್ ವಿಶ್ವವಿದ್ಯಾಲಯ 20 ಚಿನ್ನ ಗೆದ್ದು ಮೊದಲ ಸ್ಥಾನ ಪಡೆಯಿತು. ದೊಡ್ಡ ಸಾಧನೆಯೇ. ಆದರೆ ಅದರಲ್ಲಿ ಈಜುಕೊಳದ ಪಾಲು ಜಾಸ್ತಿ. ಈಜುವ ಹುಡುಗನಿಗೆ ಆ ಲೆಕ್ಕ ಮುಖ್ಯ. ಹರ್ಡಲ್ಸ್ ಹುಡುಗಿ ಅದನ್ನು ಇಟ್ಟುಕೊಂಡು ಏನು ಮಾಡಬೇಕು? ಮಾಕಾ ಟ್ರೋಫಿಯ ಕತೆಯೂ ಅದೇ. ಅದು ವಿಶ್ವವಿದ್ಯಾಲಯಗಳಿಗೆ ಎಲ್ಲಾ ಆಟಗಳ ಅಂಕ ಕೂಡಿಸಿ ಕೊಡುವ ಟ್ರೋಫಿ. ಅಮೃತಸರದ ಗುರು ನಾನಕ್ ದೇವ್ ವಿಶ್ವವಿದ್ಯಾಲಯ ಅದನ್ನು 20ಕ್ಕೂ ಹೆಚ್ಚು ಸಲ ಗೆದ್ದಿದೆ. ಹಾಗಂತ ಅಲ್ಲಿ ಪ್ರತಿಯೊಂದು ಆಟವೂ ಒಂದೇ ಮಟ್ಟದಲ್ಲಿದೆ ಅಂತ ಅರ್ಥವಲ್ಲ.

ನೀವು ಕೇಳಬೇಕಾದ್ದು ಇದು: "ಹೋದ ಮೂರು ವರ್ಷದಲ್ಲಿ 400 ಹರ್ಡಲ್ಸ್‌ಗೆ ಅಂತ ನಿಮ್ಮಲ್ಲಿ ಯಾರ್ಯಾರು ಸೇರಿದರು? ಸೇರುವಾಗ ಅವರ ಟೈಮಿಂಗ್ ಎಷ್ಟಿತ್ತು? ಈಗ ಎಷ್ಟಿದೆ?" ರಾಷ್ಟ್ರಮಟ್ಟದಲ್ಲಿ ಆಗಲೇ ಪದಕ ಗೆದ್ದವರನ್ನು ಕರೆತಂದು ತಮ್ಮ ಜೆರ್ಸಿ ಹಾಕಿಸುವ ಕಡೆ ಪದಕ ಬಂದೇ ಬರುತ್ತದೆ. ಅದು ಬೆಳೆದು ನಿಂತ ಗದ್ದೆ ಕೊಂಡು ಕೊಯ್ಲು ಮಾಡಿದ ಹಾಗೆ. 64ರಲ್ಲಿ ಬಂದ ಹುಡುಗಿ ಮೂರನೇ ವರ್ಷದಲ್ಲಿ 61ಕ್ಕೆ ಇಳಿದಿದ್ದಾಳಾ? ಆ ಕೋಚ್ ಹತ್ತಿರ ಏನೋ ಇದೆ. 63ರಲ್ಲಿ ಬಂದವಳು 65ಕ್ಕೆ ಹೋಗಿ, ಎರಡನೇ ವರ್ಷಕ್ಕೇ ಓಟ ಬಿಟ್ಟಿದ್ದಾಳಾ? ಅಲ್ಲಿ ಇನ್ನೂ ನಾಲ್ಕು ಪ್ರಶ್ನೆ ಕೇಳಬೇಕು. ಈ ಲೆಕ್ಕ ಕೇಳಿದ ತಕ್ಷಣ ಪುಸ್ತಕ ತೆಗೆದು ತೋರಿಸುವ ಕೋಚ್‌ಗಳಿದ್ದಾರೆ. "ಎಲ್ಲಾ ಚೆನ್ನಾಗಿ ಮಾಡ್ತಿದ್ದಾರೆ ಸರ್" ಎಂದು ತೇಲಿಸುವವರೂ ಇದ್ದಾರೆ.

ಇನ್ನೊಂದು ವಿಷಯ ತುಂಬಾ ಮನೆಯವರಿಗೆ ಗೊತ್ತಿರುವುದಿಲ್ಲ. ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಕೂಟಕ್ಕೆ ಹೋಗುವುದು ಕಾಲೇಜಿನ ತಂಡ ಅಲ್ಲ, ವಿಶ್ವವಿದ್ಯಾಲಯದ ತಂಡ. ಒಂದೊಂದು ಸ್ಪರ್ಧೆಗೆ ಒಂದು ವಿಶ್ವವಿದ್ಯಾಲಯ ಕಳಿಸುವುದು ಬೆರಳೆಣಿಕೆಯ ಜನರನ್ನು. ಮಂಗಳೂರು ವಿಶ್ವವಿದ್ಯಾಲಯ ಅಥ್ಲೆಟಿಕ್ಸ್‌ನಲ್ಲಿ ದೇಶದ ಬಲಿಷ್ಠ ತಂಡಗಳಲ್ಲಿ ಒಂದು. ಆ ತಂಡದಲ್ಲಿ ಮೂಡುಬಿದಿರೆಯ ಆಳ್ವಾಸ್ ಕಾಲೇಜಿನವರೇ ಬಹಳ ಮಂದಿ. ಇಂಥ ಕಡೆ ಅಂತರ ಕಾಲೇಜು ಕೂಟದ ಫೈನಲ್ಲೇ ಒಂದು ರಾಷ್ಟ್ರೀಯ ಕೂಟದಂತೆ ಇರುತ್ತದೆ. ನಿಮ್ಮ ಮಗಳಿಗಿಂತ ಜೋರಾಗಿ ಓಡುವ ಮೂವರು ಅಲ್ಲಿದ್ದರೆ ಮೊದಲ ವರ್ಷ ತಂಡದಲ್ಲಿ ಜಾಗ ಸಿಗಲಿಕ್ಕಿಲ್ಲ. ತಂಡ ಅಷ್ಟು ಬಲವಿಲ್ಲದ ವಿಶ್ವವಿದ್ಯಾಲಯದಲ್ಲಿ ಮೊದಲ ವರ್ಷವೇ ಜಾಗ ಸಿಗಬಹುದು, ಆದರೆ ಜೊತೆಗೆ ಓಡಿಸುವವರು ಯಾರೂ ಇರುವುದಿಲ್ಲ. ಎರಡಕ್ಕೂ ಅದರದರ ಬೆಲೆ ಇದೆ. ಮೊದಲು ಎರಡೂ ಕಡೆ ಹೋಗಿ ನೋಡಿ ಬನ್ನಿ.

ಪ್ರಶ್ನೆ, ಧಾರವಾಡದಿಂದ ಒಬ್ಬ ತಾಯಿ: ಮೇಡಂ, ನನ್ನ ಮಗ ಜಾವೆಲಿನ್ ಎಸೀತಾನ. ಅವಗ ಎಂಜಿನಿಯರಿಂಗ್ ಮಾಡೂದದ, ಆಟಾನೂ ಬಿಡೂದಿಲ್ಲ ಅಂತಾನ. ಒಳ್ಳೆ ಗ್ರೌಂಡ್ ಇರೋ ಕ್ಯಾಂಪಸ್ ಸಿಕ್ಕರ ಸಾಕಲ್ರೀ?

ಉತ್ತರ: ಸಾಕಾಗುವುದಿಲ್ಲ ಅಕ್ಕ. ಯಾವ ಜೆರ್ಸಿ ಹಾಕುತ್ತಾನೆ ಎನ್ನುವುದನ್ನು ತೀರ್ಮಾನಿಸುವುದು ಅವನ ಕೋರ್ಸು. ಆಳ್ವಾಸ್‌ನದೇ ಉದಾಹರಣೆ ನೋಡಿ. ಬಿ.ಎ., ಬಿ.ಕಾಂ. ಹುಡುಗರು ಮಂಗಳೂರು ವಿಶ್ವವಿದ್ಯಾಲಯದ ಪರ. ಎಂಜಿನಿಯರಿಂಗ್‌ನವರು ಬೆಳಗಾವಿಯ ವಿಟಿಯು ಪರ. ಫಿಸಿಯೋಥೆರಪಿ ಓದುವವರು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಪರ. ಸಂಸ್ಥೆ ಒಂದೇ, ಅಖಿಲ ಭಾರತ ಕೂಟದಲ್ಲಿ ಎದುರಾಳಿಗಳು.

ಅಂದರೆ ವಿಟಿಯು ಕಾಲೇಜು ಯಾವುದಾದರೂ ಸರಿ, ಸೆಲೆಕ್ಷನ್‌ನಲ್ಲಿ ಅವನು ರಾಜ್ಯದ ಎಲ್ಲಾ ಕಡೆಯ ಎಂಜಿನಿಯರಿಂಗ್ ಹುಡುಗರ ಜೊತೆ ಎಸೆಯಬೇಕು. ಅದು ಒಳ್ಳೆಯದೂ ಆಗಬಹುದು. ಆ ತಂಡದ ಜಾವೆಲಿನ್ ದೂರ ಎಷ್ಟಿದೆ ಅಂತ ಹಳೆಯ ಫಲಿತಾಂಶ ತೆಗೆದು ನೋಡಿ.

ಅದಕ್ಕಿಂತ ದೊಡ್ಡ ತೊಂದರೆ ಲ್ಯಾಬ್. ಸಂಜೆ ನಾಲ್ಕೂವರೆವರೆಗೆ ಲ್ಯಾಬ್ ಇದ್ದರೆ, ಕೋಚ್ ಎಷ್ಟೇ ಒಳ್ಳೆಯವರಾದರೂ ಏನು ಮಾಡುತ್ತಾರೆ? ಎರಡನೇ, ಮೂರನೇ ವರ್ಷದ ಟೈಮ್‌ಟೇಬಲ್ ಕೇಳಿ ತೆಗೆದುಕೊಳ್ಳಿ. ಮೊದಲ ವರ್ಷದ್ದು ನೋಡಿ ಮೋಸ ಹೋಗಬೇಡಿ.

ಪ್ರಶ್ನೆ, ಹಾಸನದ ತಂದೆ: ಮುಂದಿನ ವಾರ ಹೋಗುತ್ತಿದ್ದೇನೆ ಮೇಡಂ. ಹೋದಾಗ ಏನೇನು ನೋಡಲಿ? ಅವರು ಹೇಗೂ ಚೆನ್ನಾಗಿರುವುದನ್ನೇ ತೋರಿಸುತ್ತಾರೆ ಅಲ್ವಾ?

ಉತ್ತರ: ಅದಕ್ಕೇ ಹತ್ತು ಗಂಟೆಗೆ ಆಫೀಸಿಗೆ ಹೋಗಬೇಡಿ. ಹಿಂದಿನ ದಿನವೇ ಊರು ಸೇರಿ. ಬೆಳಗ್ಗೆ ಆರಕ್ಕೆ ಗ್ರೌಂಡಿಗೆ ಹೋಗಿ ಸುಮ್ನೆ ಒಂದು ಕಡೆ ಕೂತುಕೊಳ್ಳಿ. ಕೋಚ್ ಎಷ್ಟು ಹೊತ್ತಿಗೆ ಬರುತ್ತಾರೆ, ಒಬ್ಬರೇ ಕೋಚ್ ಎಷ್ಟು ಮಕ್ಕಳನ್ನು ನೋಡಿಕೊಳ್ಳುತ್ತಾರೆ, ಓಟಗಾರರಿಗೂ ಗುಂಡು ಎಸೆಯುವವರಿಗೂ ಒಂದೇ ವ್ಯಾಯಾಮ ಮಾಡಿಸುತ್ತಾರಾ, ಇಷ್ಟು ಅಲ್ಲಿ ಕೂತರೆ ತಾನಾಗಿ ಗೊತ್ತಾಗುತ್ತದೆ.

ಟ್ರ್ಯಾಕ್ ಸಿಂಥೆಟಿಕ್ ಇರಲಿ, ಮಣ್ಣಿನದಿರಲಿ, ಹರ್ಡಲ್‌ಗಳನ್ನು ನೋಡಿ. ಹತ್ತು ಹರ್ಡಲ್ ಸರಿಯಾಗಿ ನಿಲ್ಲುವಂಥವು ಇವೆಯಾ? ಹೆಣ್ಣುಮಕ್ಕಳ 400ಕ್ಕೆ 76.2 ಸೆಂಟಿಮೀಟರ್ ಎತ್ತರ. ಅದಕ್ಕೆ ಹೊಂದಿಸಲು ಬರುತ್ತದಾ, ಅಥವಾ ತುಕ್ಕು ಹಿಡಿದು ಒಂದೇ ಎತ್ತರಕ್ಕೆ ನಿಂತಿವೆಯಾ? ಸಿಂಥೆಟಿಕ್ ಆದರೆ ಒಳಗಿನ ಲೇನ್ ಕಿತ್ತು ಹೋಗಿದೆಯಾ ನೋಡಿ. ದಿನಾ ಅಭ್ಯಾಸ ನಡೆಯುವ ಕಡೆ ಮೊದಲು ಸವೆಯುವುದು ಅದೇ. ಕ್ಯಾಂಪಸ್ಸಿನಲ್ಲಿ ಟ್ರ್ಯಾಕ್ ಇಲ್ಲದಿದ್ದರೆ ಎಲ್ಲಿಗೆ ಕರೆದುಕೊಂಡು ಹೋಗುತ್ತಾರೆ, ಬಸ್ ಯಾರದ್ದು ಅಂತ ಕೇಳಿ. ಬೆಂಗಳೂರಿನಲ್ಲಿ ಬೆಳಗಿನ ಟ್ರಾಫಿಕ್‌ನಲ್ಲಿ ಕಂಠೀರವ ಕ್ರೀಡಾಂಗಣಕ್ಕೆ ಹೋಗಿ ಬರುವುದೆಂದರೆ ಒಂಬತ್ತರ ಕ್ಲಾಸು ತಪ್ಪಿತು ಅಂತಲೇ ಲೆಕ್ಕ.

ಕೋಚ್ ಹತ್ತಿರ ಮಗಳೇ ಒಂದು ಪ್ರಶ್ನೆ ಕೇಳಲಿ: "ಸರ್, ಹರ್ಡಲ್ ನಡುವೆ ನಾನು 17 ಹೆಜ್ಜೆ ಹಾಕ್ತೀನಿ. 16ಕ್ಕೆ ಬದಲಾಯಿಸಬೇಕಾ?" ಎರಡು ಹರ್ಡಲ್ ನಡುವೆ ಇರುವುದು 35 ಮೀಟರ್. ಹೆಜ್ಜೆಯ ಸಂಖ್ಯೆ ಬೆಸ ಆದರೆ ಪ್ರತಿ ಸಲ ಒಂದೇ ಕಾಲು ಮುಂದೆ ಬರುತ್ತದೆ. ಸಮ ಆದರೆ ಎರಡೂ ಕಾಲಿನಲ್ಲಿ ಹಾರಲು ಕಲಿತಿರಬೇಕು. ಈ ಸ್ಪರ್ಧೆ ಗೊತ್ತಿರುವ ಕೋಚ್ ತಕ್ಷಣ "ಎಡಗಾಲಲ್ಲೂ ಹಾರ್ತೀಯಾ? ಎಷ್ಟನೇ ಹರ್ಡಲ್‌ಗೆ ಸುಸ್ತಾಗ್ತೀಯಾ?" ಎಂದು ತಿರುಗಿ ಕೇಳುತ್ತಾರೆ. "ಮೊದಲು ಜೋರಾಗಿ ಓಡಮ್ಮ, ಆಮೇಲೆ ನೋಡೋಣ" ಅಂದರೆ ಅವರು 100 ಮೀಟರ್‌ನ ಕೋಚ್ ಇರಬೇಕು. ತಪ್ಪೇನಿಲ್ಲ, ನಿಮಗೆ ಬೇಕಾದವರಲ್ಲ.

ಮೆಸ್ಸಿನಲ್ಲಿ ಒಂದು ಹೊತ್ತು ದುಡ್ಡು ಕೊಟ್ಟಾದರೂ ಊಟ ಮಾಡಿ. ಮೊಟ್ಟೆ ದಿನಾ ಇದೆಯಾ, ತಡವಾಗಿ ಬಂದವರಿಗೆ ಊಟ ಎತ್ತಿಡುತ್ತಾರಾ ಅಂತ ಹುಡುಗಿಯರನ್ನೇ ಕೇಳಿ.

ಇದಕ್ಕಿಂತ ಮುಖ್ಯವಾದ್ದು ಒಂದಿದೆ: ಗಾಯ ಆಗಿರುವ ಒಬ್ಬ ಹುಡುಗಿಯನ್ನು ಹುಡುಕಿ ಮಾತಾಡಿ. ಯಾವ ಹಾಸ್ಟೆಲಲ್ಲಾದರೂ ಒಬ್ಬಳು ಇದ್ದೇ ಇರುತ್ತಾಳೆ, ಹ್ಯಾಮ್‌ಸ್ಟ್ರಿಂಗೋ ಮೊಣಕಾಲೋ. ಫಿಸಿಯೋ ವಾರಕ್ಕೆ ಎಷ್ಟು ಸಲ ಬರುತ್ತಾರೆ? ಸ್ಕ್ಯಾನಿಂಗ್ ಖರ್ಚು ಯಾರು ಕೊಟ್ಟರು? ಕೋಚ್ ಈಗಲೂ ಮಾತಾಡಿಸುತ್ತಾರಾ? ಹಾಸ್ಟೆಲ್ ಖಾಲಿ ಮಾಡಲು ಹೇಳಿದರಾ? ಗೆದ್ದವರ ಬಾಯಲ್ಲಿ ಕಾಲೇಜಿನ ಹೊಗಳಿಕೆಯೇ ಇರುತ್ತದೆ. ನನ್ನ ಹತ್ತಿರ ಕಲಿತು ಹೋದ ಒಬ್ಬಳಿಗೆ ಒಂದು ಕಾಲೇಜಿನಲ್ಲಿ ಗಾಯವಾದ ವರ್ಷವೇ ಉಚಿತ ಸೀಟು ನಿಂತುಹೋಯಿತು. ಹಾಗಾಗಿ ಇದನ್ನು ಒತ್ತಿ ಹೇಳುತ್ತಿದ್ದೇನೆ.

ಹೆಣ್ಣುಮಗು ಅಂದಮೇಲೆ ಇನ್ನಷ್ಟು ಇದೆ. ಗ್ರೌಂಡಿನ ಹತ್ತಿರ ಬಾಗಿಲು ಸರಿ ಇರುವ ಶೌಚಾಲಯ ಇದೆಯಾ? ಹೊರಗೂರಿನ ಕೂಟಕ್ಕೆ ಹೋಗುವಾಗ ಜೊತೆಗೆ ಮಹಿಳಾ ಮ್ಯಾನೇಜರ್ ಬರುತ್ತಾರಾ? ಆಂತರಿಕ ದೂರು ಸಮಿತಿಯಲ್ಲಿ ಯಾರಿದ್ದಾರೆ, ಅವರ ಫೋನ್ ನಂಬರ್ ಹಾಸ್ಟೆಲ್ ಗೋಡೆ ಮೇಲೆ ಇದೆಯಾ? ಕೇಳಲು ಮುಜುಗರ ಪಡಬೇಡಿ. ಈ ಪ್ರಶ್ನೆಗೆ ಮುಖ ಗಂಟಿಕ್ಕಿದರೆ ಅದೇ ನಿಮಗೆ ಉತ್ತರ.

ಪ್ರಶ್ನೆ, ಒಬ್ಬ ಓಟಗಾರ್ತಿ, ಮೊದಲ ವರ್ಷದ ಬಿ.ಎ.: ಮೇಡಂ, ಹಾಸ್ಟೆಲಲ್ಲಿ ಸೀನಿಯರ್ಸ್ ಒಂದು ಪೌಡರ್ ತಗೋತಾರೆ. ಕೂಟಕ್ಕೆ ಮುಂಚೆ ನೋವಿಗೆ ಇಂಜೆಕ್ಷನ್ನೂ ಹಾಕಿಸ್ಕೋತಾರೆ. ಎಲ್ಲಾ ಕಡೆ ಹೀಗೇನಾ?

ಉತ್ತರ: ಎಲ್ಲಾ ಕಡೆ ಇಲ್ಲಮ್ಮಾ. ನೀನು ಮುಟ್ಟಬೇಡ. ನಾಡಾದವರು, ಅಂದರೆ ಉದ್ದೀಪನ ಮದ್ದು ತಡೆಯುವ ರಾಷ್ಟ್ರೀಯ ಸಂಸ್ಥೆಯವರು, ಪರೀಕ್ಷೆ ಮಾಡಿದಾಗ ನಿನ್ನ ಮೈಯಲ್ಲಿ ಏನು ಸಿಕ್ಕರೂ ಹೊಣೆ ನಿನ್ನದೇ. ಸೀನಿಯರ್ ಕೊಟ್ಟಳು, ಡಾಕ್ಟರ್ ಚುಚ್ಚಿದರು ಅಂದರೆ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಬೇಕೆಂದೇ ತೆಗೆದುಕೊಂಡಿದ್ದು ಅಂತಾದರೆ ನಾಲ್ಕು ವರ್ಷ ನಿಷೇಧ. ನಿನ್ನ ಇಡೀ ಕಾಲೇಜು ಓಟ ಅಲ್ಲಿಗೆ ಮುಗೀತು. ಮೊಣಕಾಲಿಗೆ ಕೊಡುವ ಸ್ಟೆರಾಯ್ಡ್ ಇಂಜೆಕ್ಷನ್ ಕೂಡ 2022ರಿಂದ ಕೂಟದ ಹೊತ್ತಿನಲ್ಲಿ ನಿಷಿದ್ಧ. ಊರಿನ ಡಾಕ್ಟರಿಗೆ ಇದು ಗೊತ್ತಿರಬೇಕಂತಿಲ್ಲ, ನೀನೇ ಹೇಳಬೇಕು.

ಕಾಲೇಜು ಹುಡುಕುತ್ತಿರುವವರಿಗೂ ಒಂದು ಮಾತು. 2023ರ ಸೆಪ್ಟೆಂಬರಿನಲ್ಲಿ ದೆಹಲಿ ರಾಜ್ಯ ಕೂಟಕ್ಕೆ ನಾಡಾದವರು ಬಂದರು ಅಂತ ಸುದ್ದಿ ಹಬ್ಬಿದ ಮೇಲೆ 100 ಮೀಟರ್ ಫೈನಲ್‌ನಲ್ಲಿ ಒಬ್ಬನೇ ಓಡಿದ. ಮಿಕ್ಕವರು ನಾಪತ್ತೆ. ಒಂದು ಕಾಲೇಜಿನ ಮಕ್ಕಳ ಟೈಮಿಂಗ್ ಮೂರೇ ತಿಂಗಳಲ್ಲಿ ವಿಪರೀತ ಇಳಿದು, ಪರೀಕ್ಷೆ ಇರುವ ದೊಡ್ಡ ಕೂಟದಲ್ಲಿ ಅವರ ಹೆಸರೇ ಕಾಣದಿದ್ದರೆ ಯಾಕೆ ಅಂತ ಕೇಳಲೇಬೇಕು.

ಪ್ರಶ್ನೆ, ಡಲ್ಲಾಸ್‌ನಿಂದ ಒಬ್ಬರು: ಮೇಡಂ, ನಾವು ಅಮೆರಿಕದಲ್ಲಿದ್ದೇವೆ. ಮಗ ಹೈಸ್ಕೂಲಿನಲ್ಲಿ 1600 ಮೀಟರ್ ಓಡುತ್ತಾನೆ. ಇಲ್ಲಿಗೂ ಇದೇ ಲೆಕ್ಕವಾ?

ಉತ್ತರ: ಲೆಕ್ಕ ಅದೇ. ನಿಮಗೆ ಇನ್ನೂ ಸುಲಭ. ಟಿಎಫ್‌ಆರ್‌ಆರ್‌ಎಸ್ ಎಂಬ ಜಾಲತಾಣದಲ್ಲಿ ಅಲ್ಲಿಯ ಕಾಲೇಜು ಓಟಗಾರರ ಫಲಿತಾಂಶ ವರ್ಷದಿಂದ ವರ್ಷಕ್ಕೆ ಸಿಗುತ್ತದೆ. ಒಂದು ತಂಡದ ನಾಲ್ಕನೇ ವರ್ಷದ ಹುಡುಗರನ್ನು ತೆಗೆದು, ಮೊದಲ ವರ್ಷ ಎಷ್ಟು ಓಡಿದ್ದರು ನೋಡಿ. ಮೊದಲ ವರ್ಷ ಇದ್ದವರಲ್ಲಿ ಎಷ್ಟು ಮಂದಿ ನಾಲ್ಕನೇ ವರ್ಷ ಉಳಿದಿದ್ದಾರೆ ಅನ್ನುವುದನ್ನೂ ಎಣಿಸಿ. ಎನ್‌ಸಿಎಎ, ಅಂದರೆ ಅಲ್ಲಿಯ ಕಾಲೇಜು ಕ್ರೀಡಾ ಸಂಸ್ಥೆಯ ಮೂರನೇ ಡಿವಿಷನ್‌ನಲ್ಲಿ ಆಟಕ್ಕೆ ಅಂತ ಸ್ಕಾಲರ್‌ಶಿಪ್ ಇಲ್ಲ, ಓದಿಗೆ ಸಿಗುವುದು ಬೇರೆ. ಮೊದಲ ಡಿವಿಷನ್‌ನಲ್ಲಿ 2025ರ ಒಪ್ಪಂದಕ್ಕೆ (ಕಾಲೇಜುಗಳೇ ಆಟಗಾರರಿಗೆ ಹಣ ಕೊಡಬಹುದು ಎಂದ ಕೋರ್ಟ್ ರಾಜಿ) ಸೇರಿದ ಕಾಲೇಜುಗಳಿಗೆ ತಂಡದ ಗಾತ್ರಕ್ಕೇ ಮಿತಿ ಬಂದಿದೆ. ಟ್ರ್ಯಾಕ್‌ಗೆ 45, ಕ್ರಾಸ್ ಕಂಟ್ರಿಗೆ 17. ಸ್ಕಾಲರ್‌ಶಿಪ್ ಇಲ್ಲದೆ ತಂಡಕ್ಕೆ ಸೇರಿ ಬೆಳೆಯುತ್ತಿದ್ದ ಹುಡುಗರಿಗೆ ಇದರಿಂದ ಜಾಗ ಕಮ್ಮಿಯಾಗಿದೆ. ಆದ್ದರಿಂದ "ತಂಡದಲ್ಲಿ ಇರುತ್ತಾನಾ" ಎಂದು ನೇರವಾಗಿ ಕೇಳಿ. ನಮ್ಮ ದೆಹಲಿಯ ತೇಜಸ್ವಿನ್ ಶಂಕರ್ ಕ್ಯಾನ್ಸಸ್ ಸ್ಟೇಟ್‌ನಲ್ಲಿ ಓದುತ್ತಾ 2018ರಲ್ಲೂ 2022ರಲ್ಲೂ ಎನ್‌ಸಿಎಎ ಹೈಜಂಪ್ ಗೆದ್ದ. ನಡುವಿನ ನಾಲ್ಕು ವರ್ಷ ಅಲ್ಲೇ ನಿಂತು ಬೆಳೆದ ಎನ್ನುವುದು ನನಗೆ ಆ ಪದಕಗಳಿಗಿಂತ ಹೆಚ್ಚು ಹಿಡಿಸಿದ ಸಂಗತಿ.

ಹಾಸನದ ತಂದೆ, ಮತ್ತೆ: ಹೋಗಿ ಬಂದೆ ಮೇಡಂ. ಕರಾವಳಿಯಲ್ಲಿ ಈ ಸ್ಪರ್ಧೆಯ ಹುಡುಗಿಯರು ಐದು ಮಂದಿ. ಕೋಚ್ ಡೈರಿ ತೆಗೆದು ತೋರಿಸಿದರು, ನಾಲ್ವರ ಟೈಮಿಂಗ್ ಇಳಿದಿದೆ. ಆದರೆ ಮೂವರು ಮಗಳಿಗಿಂತ ಮುಂದಿದ್ದಾರೆ. ಬೆಂಗಳೂರಲ್ಲಿ ಜಿಮ್ ಬಹಳ ಚೆನ್ನಾಗಿದೆ. ಹರ್ಡಲ್ಸ್‌ಗೆ ಬೇರೆ ಕೋಚ್ ಇಲ್ಲ. ಮಗಳನ್ನು ಮೊದಲ ವರ್ಷವೇ ಅಖಿಲ ಭಾರತ ಕೂಟಕ್ಕೆ ಕಳಿಸುತ್ತೇವೆ ಅಂದರು.

ಉತ್ತರ: ಹಾಗಾದರೆ ಕರಾವಳಿ. ಅಂತರ ವಿಶ್ವವಿದ್ಯಾಲಯ ಕೂಟಕ್ಕೆ 25ರ ವಯಸ್ಸಿನವರೆಗೆ ಅವಕಾಶ ಇರುತ್ತದೆ. ಮೊದಲ ವರ್ಷ ಹೋಗಿ ಹೀಟ್ಸ್‌ನಲ್ಲೇ (ಮೊದಲ ಸುತ್ತಿನಲ್ಲೇ) ಹೊರಬೀಳುವುದಕ್ಕಿಂತ ದಿನಾ ಬೆಳಗ್ಗೆ ತನಗಿಂತ ಮುಂದಿರುವ ಮೂವರ ಬೆನ್ನು ಹತ್ತಿ ಓಡುವುದು ಅವಳಿಗೆ ಒಳ್ಳೆಯದು. ಆ ಮೂವರು ಯಾವ ವರ್ಷದಲ್ಲಿದ್ದಾರೆ ಕೇಳಿದಿರಾ? ಇಬ್ಬರು ಕೊನೆಯ ವರ್ಷದವರಾದರೆ ಮುಂದಿನ ವರ್ಷ ಜಾಗ ತಾನಾಗಿ ತೆರವಾಗುತ್ತದೆ.

ಸೇರಿಸುವ ಮುಂಚೆ ಮೂರು ಮಾತು ಕಾಗದದ ಮೇಲೆ ಬರೆಸಿಕೊಳ್ಳಿ. ಉಚಿತ ಎಂಬುದು ಮೂರೂ ವರ್ಷಕ್ಕಾ, ಇಲ್ಲಾ ಪ್ರತಿ ವರ್ಷ ಪದಕ ನೋಡಿ ಮುಂದುವರಿಸುವುದಾ? ಗಾಯವಾದರೆ ಏನು? ಕೂಟಕ್ಕೆ ಹೋದ ದಿನಗಳ ಅಟೆಂಡೆನ್ಸ್ ಕೊಡುತ್ತಾರಾ, ಆ ಹೊತ್ತಿಗೆ ಪರೀಕ್ಷೆ ಬಂದರೆ ಮತ್ತೆ ಬರೆಸುತ್ತಾರಾ? ಮುಂದೆ ತಂಡಕ್ಕೆ ಆಯ್ಕೆಯಾದಾಗ ವಿಶ್ವವಿದ್ಯಾಲಯದ ಕ್ರೀಡಾ ನಿರ್ದೇಶಕರಿಂದ ಫಾರ್ಮ್ 3ಕ್ಕೆ ಸಹಿ ಅದೇ ವರ್ಷ ಮಾಡಿಸಿ ಇಟ್ಟುಕೊಳ್ಳಲಿ. ಕೇಂದ್ರ ಸರ್ಕಾರದ ಕ್ರೀಡಾ ಕೋಟಾದ ಕೆಲಸಕ್ಕೆ ಕೇಳುವುದು ಆ ಫಾರ್ಮನ್ನೇ. ಎಷ್ಟೋ ಮಕ್ಕಳು ಡಿಗ್ರಿ ಮುಗಿದ ಮೇಲೆ ಅದಕ್ಕಾಗಿ ಓಡಾಡುತ್ತಾರೆ.

ಅಂಕಪಟ್ಟಿಯ ಅಸಲಿ ಪ್ರತಿಯನ್ನು ಮಾತ್ರ ಬಿಟ್ಟು ಬರಬೇಡಿ. ತೋರಿಸಿ, ಜೆರಾಕ್ಸ್ ಕೊಟ್ಟು, ವಾಪಸ್ ತನ್ನಿ. ಅಸಲಿ ದಾಖಲೆ ಇಟ್ಟುಕೊಳ್ಳುವಂತಿಲ್ಲ ಎಂದು ಯುಜಿಸಿ 2018ರಲ್ಲೇ ಹೇಳಿದೆ. "ಆಟದ ಸೀಟಿಗೆ ಹಾಗೇ ನಿಯಮ" ಅಂದರೆ ಆ ನಿಯಮವನ್ನೂ ಬರೆದುಕೊಡಿ ಅನ್ನಿ.