ಹನ್ನೊಂದನೆಯ ತರಗತಿಯಲ್ಲೇ ಎಪಿ ಪರೀಕ್ಷೆ ಬರೆಸಿದರೆ ವಿದೇಶಿ ವಿಶ್ವವಿದ್ಯಾಲಯದ ಅರ್ಜಿಗೆ ನಿಜವಾಗಿ ಬಲ ಬರುತ್ತದೆಯೇ?

ಕಾಫಿ ಬೆಳೆಗಾರ, ಸಿದ್ದಾಪುರ:

ಎಲ್ಲರಿಗೂ ನಮಸ್ಕಾರ. ನನ್ನ ಮಗಳು ಈ ಜೂನ್ ತಿಂಗಳಲ್ಲಿ ಗೋಣಿಕೊಪ್ಪಲು ಕಡೆಯ ಸಿಬಿಎಸ್‌ಇ ಶಾಲೆಯೊಂದರಲ್ಲಿ ಹನ್ನೊಂದನೆಯ ತರಗತಿಗೆ ಸೇರಿದ್ದಾಳೆ. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಮತ್ತು ಕಂಪ್ಯೂಟರ್ ವಿಜ್ಞಾನ ಅವಳ ವಿಷಯಗಳು. ಎಂಜಿನಿಯರಿಂಗ್ ಪದವಿಗೆ ಅಮೆರಿಕದ ಅಥವಾ ಬ್ರಿಟನ್ನಿನ ವಿಶ್ವವಿದ್ಯಾಲಯಗಳಿಗೆ ಅರ್ಜಿ ಹಾಕಬೇಕೆಂಬುದು ಅವಳ ಆಸೆ. ಹಣ ಎಲ್ಲಿಂದ ಹೊಂದಿಸುವುದೆಂಬುದು ನನ್ನ ಚಿಂತೆ.

ವಿಚಾರಿಸೋಣವೆಂದು ಮೈಸೂರಿನ ಸಲಹಾ ಸಂಸ್ಥೆಯೊಂದಕ್ಕೆ ಹೋದಾಗ, ಕನಿಷ್ಠ ಐದು ಎಪಿ (ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್, ಅಂದರೆ ಶಾಲೆಯಲ್ಲಿರುವಾಗಲೇ ಬರೆಯುವ ಕಾಲೇಜು ಮಟ್ಟದ) ಪರೀಕ್ಷೆಗಳನ್ನು ಬರೆಸದಿದ್ದರೆ ಒಳ್ಳೆಯ ವಿಶ್ವವಿದ್ಯಾಲಯಗಳು ಅರ್ಜಿಯನ್ನು ತೆರೆದೂ ನೋಡುವುದಿಲ್ಲವೆಂದು ಅಲ್ಲಿನವರು ಹೇಳಿದರು. ಐದಕ್ಕೂ ತರಬೇತಿ ಅವರಲ್ಲೇ ಇದೆಯಂತೆ. ಅವರು ಹೇಳಿದ ಮೊತ್ತ ನಮ್ಮಂಥ ಸಣ್ಣ ಬೆಳೆಗಾರರಿಗೆ ಒಂದು ವರ್ಷದ ಫಸಲಿನ ಲೆಕ್ಕ. ಮಗಳ ಶಾಲೆಯಲ್ಲಿ ಎಪಿ ಎಂಬ ಹೆಸರನ್ನೇ ಹೆಚ್ಚಿನವರು ಕೇಳಿಲ್ಲ. ಶಾಲೆ ಕಲಿಸದ ಪರೀಕ್ಷೆಯನ್ನು ಹೊರಗಿನಿಂದ ಬರೆದರೆ ಅದಕ್ಕೆ ಬೆಲೆಯಿದೆಯೇ, ಬರೆಯದಿದ್ದರೆ ಅದು ಕೊರತೆಯಾಗಿ ಕಾಣುತ್ತದೆಯೇ, ಇದರ ಹಿಂದೆ ಬಿದ್ದು ಬೋರ್ಡ್ ಪರೀಕ್ಷೆಯ ಅಂಕಗಳು ಕಡಿಮೆಯಾದರೆ ಗತಿಯೇನು ಎಂಬುದನ್ನು ತಿಳಿದವರು ದಯವಿಟ್ಟು ವಿವರಿಸಬೇಕು.

ಗಣಿತ ಉಪನ್ಯಾಸಕಿ, ಪೊನ್ನಂಪೇಟೆ:

ನಮಸ್ಕಾರ ಸರ್. ಐದು ಪರೀಕ್ಷೆಯಿಲ್ಲದಿದ್ದರೆ ಅರ್ಜಿಯನ್ನು ತೆರೆಯುವುದಿಲ್ಲ ಎಂಬ ಮಾತು ಸುಳ್ಳು. ಅದನ್ನು ಮೊದಲು ಮನಸ್ಸಿನಿಂದ ತೆಗೆದುಹಾಕಿ.

ಎಪಿ ಎಂಬುದು ಅಮೆರಿಕದ ಕಾಲೇಜ್ ಬೋರ್ಡ್ ನಡೆಸುವ ವ್ಯವಸ್ಥೆ. ಅಲ್ಲಿ ಕಾಲೇಜು ಪ್ರವೇಶಕ್ಕೆ ಬಳಸುವ ಸ್ಯಾಟ್ ಪರೀಕ್ಷೆ ನಡೆಸುವವರೂ ಅವರೇ. ಅಮೆರಿಕದ ಪ್ರೌಢಶಾಲೆಗಳಲ್ಲಿ ಎಪಿ ಎಂದರೆ ಮೊದಲಿಗೆ ವರ್ಷಪೂರ್ತಿ ನಡೆಯುವ ಒಂದು ಪಾಠಕ್ರಮ. ಆ ಪಾಠಕ್ರಮ ಮತ್ತು ಅದರಲ್ಲಿ ಪಡೆದ ಶ್ರೇಣಿ ವಿದ್ಯಾರ್ಥಿಯ ಶಾಲಾ ಅಂಕಪಟ್ಟಿಯಲ್ಲಿ ನಮೂದಾಗುತ್ತವೆ. ಮೇ ತಿಂಗಳಲ್ಲಿ ನಡೆದು 1ರಿಂದ 5ರವರೆಗೆ ಅಂಕ ಕೊಡುವ ಪರೀಕ್ಷೆ ಅದರ ಮುಂದಿನ ಭಾಗ. ಅಲ್ಲಿನ ಪ್ರವೇಶಾಧಿಕಾರಿಗಳು ಮುಖ್ಯವಾಗಿ ನೋಡುವುದು, ಶಾಲೆಯಲ್ಲಿ ಕಠಿಣ ಪಾಠಕ್ರಮಗಳು ಲಭ್ಯವಿದ್ದಾಗ ಈ ವಿದ್ಯಾರ್ಥಿ ಅವುಗಳನ್ನು ಆರಿಸಿಕೊಂಡನೇ ಇಲ್ಲವೇ ಎಂಬುದನ್ನು. ಆದ್ದರಿಂದ ಅಮೆರಿಕದ ಪೋಷಕರು ತಮ್ಮತಮ್ಮಲ್ಲಿ ‘ಎಪಿ ಇಲ್ಲದಿದ್ದರೆ ಕಷ್ಟ’ ಎಂದು ಹೇಳಿಕೊಳ್ಳುವ ಮಾತು ಅವರ ಶಾಲೆಗಳಿಗೆ ಸರಿ, ನಿಮ್ಮ ಮಗಳ ಶಾಲೆಗೆ ಅಲ್ಲ. ಅರ್ಜಿಯ ಜೊತೆಗೆ ಶಾಲೆಯವರು ತಮ್ಮ ಪರಿಚಯಪತ್ರವನ್ನೂ ಕಳುಹಿಸುತ್ತಾರೆ. ಅದರಲ್ಲಿ ಎಪಿ ಇಲ್ಲವೆಂದು ಕಂಡಾಗ ಅದನ್ನು ವಿದ್ಯಾರ್ಥಿಯ ಕೊರತೆಯೆಂದು ಯಾರೂ ಲೆಕ್ಕಿಸುವುದಿಲ್ಲ. ಸಿಬಿಎಸ್‌ಇ ವಿಜ್ಞಾನ ವಿಭಾಗ ಸುಲಭದ್ದಲ್ಲ ಎಂಬುದು ಭಾರತದ ಸಾವಿರಾರು ಅರ್ಜಿಗಳನ್ನು ಓದಿರುವ ಅವರಿಗೆ ಚೆನ್ನಾಗಿ ಗೊತ್ತು.

ಹಾಗೆಂದು ಪರೀಕ್ಷೆ ನಿರರ್ಥಕವೆಂದು ನಾನು ಹೇಳುತ್ತಿಲ್ಲ. ಮೊದಲು ಸ್ಯಾಟ್ ವಿಷಯವಾರು ಪರೀಕ್ಷೆಗಳಿದ್ದವು. 2021ರಲ್ಲಿ ಅವುಗಳನ್ನು ನಿಲ್ಲಿಸಿದ ಮೇಲೆ, ಹೆಸರು ಕೇಳದ ಊರಿನ, ಹೆಸರು ಕೇಳದ ಶಾಲೆಯ ವಿದ್ಯಾರ್ಥಿಯೊಬ್ಬಳು ಒಂದು ವಿಷಯದಲ್ಲಿ ಎಷ್ಟು ಗಟ್ಟಿ ಎಂಬುದನ್ನು ಅಮೆರಿಕದವರಿಗೆ ಪರಿಚಿತವಾದ ಅಳತೆಗೋಲಿನಲ್ಲಿ ತೋರಿಸಲು ಎಪಿ ಒಂದು ದಾರಿಯಾಗಿ ಉಳಿದಿದೆ. ಯೇಲ್ ವಿಶ್ವವಿದ್ಯಾಲಯ 2024ರಲ್ಲಿ ಪರೀಕ್ಷಾ ಅಂಕಗಳನ್ನು ಮತ್ತೆ ಕಡ್ಡಾಯಗೊಳಿಸಿದಾಗ, ಸ್ಯಾಟ್ ಅಥವಾ ಅದರಂಥದ್ದೇ ಇನ್ನೊಂದು ಪ್ರವೇಶ ಪರೀಕ್ಷೆಯಾದ ಎಸಿಟಿಯ ಬದಲಿಗೆ ಎಪಿ ಅಂಕಗಳನ್ನೂ ಕೊಡಬಹುದೆಂದು ಹೇಳಿತು. ಎಂಐಟಿ 2022ರಲ್ಲೇ ಸ್ಯಾಟ್ ಅಥವಾ ಎಸಿಟಿಯನ್ನು ಮರಳಿ ಕಡ್ಡಾಯ ಮಾಡಿತ್ತು. ಅಲ್ಲಿ ಎಪಿ ಕಡ್ಡಾಯವಲ್ಲ. ಹೀಗೆ ಒಂದೊಂದು ಕಡೆ ಒಂದೊಂದು ನಿಯಮ. ನನ್ನ ಅಭಿಪ್ರಾಯದಲ್ಲಿ, ಸ್ಯಾಟ್ ಕೇಳುವ ವಿಶ್ವವಿದ್ಯಾಲಯಗಳು ನಿಮ್ಮ ಪಟ್ಟಿಯಲ್ಲಿದ್ದರೆ ಮೊದಲ ಹಣ ಮತ್ತು ಮೊದಲ ಶ್ರಮ ಸ್ಯಾಟ್‌ಗೆ ಹೋಗಬೇಕು. ಅನಂತರ ಮಗಳು ಓದಬೇಕೆಂದಿರುವ ವಿಷಯಕ್ಕೆ ಹೊಂದುವ ಒಂದೋ ಎರಡೋ ಎಪಿಯಲ್ಲಿ 5 ಅಂಕ ಬಂದರೆ ಅದು ಮಾತನಾಡುತ್ತದೆ. ಐದು ವಿಷಯಗಳಲ್ಲಿ 3 ಅಂಕ ಬಂದರೆ ಅದನ್ನು ಹೇಳಿಕೊಳ್ಳದಿರುವುದೇ ಲೇಸು.

ಸಲಹಾ ಸಂಸ್ಥೆಯವರು ನಿಮಗೆ ಹೇಳಿರಲಾರರು ಎಂದು ನಾನು ಭಾವಿಸುವ ಸಂಗತಿಯೊಂದಿದೆ: ಕಾಲದ ಲೆಕ್ಕ. ಹನ್ನೆರಡನೆಯ ತರಗತಿ ನಡೆಯುತ್ತಿರುವಾಗಲೇ ಅಮೆರಿಕದ ಮುಂಚಿನ ಸುತ್ತಿನ ಅರ್ಜಿಗಳು ಹೆಚ್ಚಿನ ಕಡೆ ನವೆಂಬರ್ 1ಕ್ಕೆ, ಸಾಮಾನ್ಯ ಸುತ್ತಿನವು ಜನವರಿಯ ಮೊದಲ ದಿನಗಳಲ್ಲಿ ಮುಗಿಯುತ್ತವೆ. ಎಪಿ ನಡೆಯುವುದು ವರ್ಷಕ್ಕೊಮ್ಮೆ, ಮೇ ತಿಂಗಳ ಮೊದಲ ಎರಡು ವಾರಗಳಲ್ಲಿ, ಫಲಿತಾಂಶ ಜುಲೈನಲ್ಲಿ. ಹನ್ನೆರಡನೆಯ ತರಗತಿ ಮುಗಿಸಿ ಮೇ ತಿಂಗಳಲ್ಲಿ ಬರೆದ ಪರೀಕ್ಷೆಯ ಅಂಕ ಬರುವಷ್ಟರಲ್ಲಿ ಪ್ರವೇಶದ ತೀರ್ಮಾನವೇ ಆಗಿಹೋಗಿರುತ್ತದೆ. ಅಂದರೆ ಅರ್ಜಿಗೆ ಉಪಯೋಗವಾಗುವುದು ಹನ್ನೊಂದನೆಯ ತರಗತಿ ಮುಗಿದ ಮೇಲಿನ ಮೇ ತಿಂಗಳೊಂದೇ. ಅದಕ್ಕೆ ಹೆಸರು ನೋಂದಾಯಿಸುವುದು ಅದರ ಹಿಂದಿನ ಸೆಪ್ಟೆಂಬರಿನಿಂದ ನವೆಂಬರಿನ ಒಳಗೆ. ಐದು ಪರೀಕ್ಷೆಗಳನ್ನು ಒಂದೇ ಮೇ ತಿಂಗಳಿಗೆ ತುರುಕುವುದು ಸಾಧ್ಯವೇ ಎಂದು ನೀವೇ ಯೋಚಿಸಿ.

ಹನ್ನೆರಡರ ನಂತರ ಬರೆದ ಎಪಿಗೆ ಬೇರೊಂದು ಉಪಯೋಗವಿದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಂಥ ಅನೇಕ ಸರ್ಕಾರಿ ವಿಶ್ವವಿದ್ಯಾಲಯಗಳು 3 ಅಥವಾ ಅದಕ್ಕಿಂತ ಹೆಚ್ಚಿನ ಅಂಕಕ್ಕೆ ಪದವಿಯ ಕ್ರೆಡಿಟ್ ಕೊಡುತ್ತವೆ. ಅದರಿಂದ ಮೊದಲ ವರ್ಷದ ಕೆಲವು ಪಾಠಗಳು ಉಳಿದರೆ ಹಣವೂ ಉಳಿಯುತ್ತದೆ. ಕ್ಯಾಲ್‌ಟೆಕ್ ಮಾತ್ರ ಎಪಿಗೆ ಕ್ರೆಡಿಟ್ ಕೊಡುವುದೇ ಇಲ್ಲ.

ನಿವೃತ್ತ ಪ್ರಾಂಶುಪಾಲ, ಕುಶಾಲನಗರ:

ಮೇಲಿನ ಉಪನ್ಯಾಸಕಿಯವರು ಹೇಳಿದ್ದು ಸರಿಯಾಗಿದೆ. ಆದರೆ ನನ್ನ ಆತಂಕ ಬೇರೆ. ಅಮೆರಿಕದಲ್ಲಿ ವಿದೇಶಿ ವಿದ್ಯಾರ್ಥಿಯ ಹಣದ ಅಗತ್ಯವನ್ನು ಪರಿಗಣಿಸದೆ ಪ್ರವೇಶ ಕೊಟ್ಟು, ಅನಂತರ ಅಗತ್ಯವಿದ್ದಷ್ಟು ನೆರವು ನೀಡುವ ಸಂಸ್ಥೆಗಳು ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿಯಂಥ ಬೆರಳೆಣಿಕೆಯಷ್ಟು ಮಾತ್ರ. ಉಳಿದ ಬಹುತೇಕ ಕಡೆ, ನೆರವು ಬೇಕೆಂದು ಬರೆದ ಕೂಡಲೇ ಸ್ಪರ್ಧೆ ಬಿಗಿಯಾಗುತ್ತದೆ; ಎರಡು ಎಪಿ ಹೆಚ್ಚಿದ್ದ ಮಾತ್ರಕ್ಕೆ ಆ ಬಿಗಿ ಸಡಿಲವಾಗುವುದಿಲ್ಲ. ಆದ್ದರಿಂದ ಪರೀಕ್ಷೆಗಳ ಪಟ್ಟಿಗಿಂತ ಮೊದಲು ನೆರವು ಕೊಡುವ ವಿಶ್ವವಿದ್ಯಾಲಯಗಳ ಪಟ್ಟಿಯನ್ನು ಮಾಡಿಕೊಳ್ಳಿ.

ಊರಿನಲ್ಲಿರುವ ದಾರಿಯನ್ನೂ ಮುಚ್ಚಿಕೊಳ್ಳಬೇಡಿ. ಕರ್ನಾಟಕದ ಸಿಇಟಿಯಲ್ಲಿ ಎಂಜಿನಿಯರಿಂಗ್ ರ‍್ಯಾಂಕಿಗೆ ಹನ್ನೆರಡನೆಯ ತರಗತಿಯ ಭೌತ, ರಸಾಯನ, ಗಣಿತದ ಅಂಕಗಳಿಂದ ಶೇ. 50, ಸಿಇಟಿ ಅಂಕಗಳಿಂದ ಶೇ. 50 ತೆಗೆದುಕೊಳ್ಳುತ್ತಾರೆ. ಅಲ್ಲಿ ಎಪಿಗೆ ಮೂರು ಕಾಸಿನ ಬೆಲೆಯಿಲ್ಲ, ಬೋರ್ಡ್ ಅಂಕಗಳಿಗೆ ಅರ್ಧದಷ್ಟು ಬೆಲೆಯಿದೆ. ಮಗುವಿಗೆ ನಿದ್ದೆಯೂ ಬೇಕು ಎಂಬುದನ್ನು ಪೋಷಕರು ಮರೆಯುತ್ತಾರೆ. ಅದನ್ನು ಹೇಳಿದರೆ ಈಗ ಯಾರಿಗೂ ರುಚಿಸುವುದಿಲ್ಲ.

ವಿರಾಜಪೇಟೆಯವನು, ಸದ್ಯ ಜರ್ಮನಿಯಲ್ಲಿ:

ಸರ್, ನಿಮ್ಮ ಪ್ರಶ್ನೆಯಲ್ಲಿ ಬ್ರಿಟನ್ನಿನ ಹೆಸರೂ ಇದೆ. ಅಲ್ಲಿನ ಲೆಕ್ಕಾಚಾರವೇ ಬೇರೆಯಾದ್ದರಿಂದ ಬರೆಯುತ್ತಿದ್ದೇನೆ.

ಬ್ರಿಟನ್ನಿನಲ್ಲಿ ಯುಕಾಸ್ ಎಂಬ ಒಂದೇ ಅರ್ಜಿ ವ್ಯವಸ್ಥೆಯ ಮೂಲಕ ಐದು ಆಯ್ಕೆಗಳಿಗೆ ಅರ್ಜಿ ಹಾಕಬಹುದು. ಅಲ್ಲಿನ ಅನೇಕ ವಿಶ್ವವಿದ್ಯಾಲಯಗಳು ಸಿಬಿಎಸ್‌ಇ ಮತ್ತು ಐಎಸ್‌ಸಿ ಹನ್ನೆರಡನೆಯ ತರಗತಿಯ ಅಂಕಗಳನ್ನು ನೇರವಾಗಿ ಒಪ್ಪುತ್ತವೆ. ಎಷ್ಟು ಶೇಕಡಾ ಬೇಕು, ಗಣಿತದಲ್ಲಿ ಎಷ್ಟಿರಬೇಕು ಎಂಬುದನ್ನು ತಮ್ಮ ಜಾಲತಾಣದಲ್ಲಿ ಭಾರತದ ಹೆಸರಿನ ಪುಟದಲ್ಲೇ ಬರೆದಿರುತ್ತವೆ. ರಾಜ್ಯ ಬೋರ್ಡ್‌ನವರಿಗೆ ಕೆಲವು ಕಡೆ ಹೆಚ್ಚಿನ ಶೇಕಡಾ ಕೇಳುವುದುಂಟು. ಕೇಳಿದಷ್ಟನ್ನು ತಲುಪಿದ ಮೇಲೆ ಇನ್ನೊಂದು ಪರೀಕ್ಷೆಯ ಪ್ರಮಾಣಪತ್ರವನ್ನು ಅಂಟಿಸಿದರೆ ಸಾಮಾನ್ಯವಾಗಿ ಏನೂ ಬದಲಾಗುವುದಿಲ್ಲ. ಬ್ರಿಟಿಷ್ ಮಕ್ಕಳ ವಿಷಯದಲ್ಲೂ ಹೀಗೆಯೇ: ಪ್ರವೇಶದ ಷರತ್ತನ್ನು ಸಾಮಾನ್ಯವಾಗಿ ಮೂರು ಎ ಲೆವೆಲ್ (ಅಲ್ಲಿನ ಶಾಲೆಯ ಕೊನೆಯ ಹಂತದ ಪರೀಕ್ಷೆ) ವಿಷಯಗಳ ಮೇಲೆಯೇ ಹಾಕುತ್ತಾರೆ, ನಾಲ್ಕನೆಯದು ಹೆಚ್ಚಾಗಿ ಲೆಕ್ಕಕ್ಕೆ ಬರುವುದು ಅದು ಉನ್ನತ ಗಣಿತವಾಗಿದ್ದು, ಮಗು ಗಣಿತ ಅಥವಾ ಎಂಜಿನಿಯರಿಂಗ್ ಕಡೆಗೆ ಹೊರಟಿದ್ದಾಗ.

ಆದರೆ ಕೇಂಬ್ರಿಜ್‌ನಲ್ಲಿ ಎಂಜಿನಿಯರಿಂಗ್ ಓದಬೇಕಾದರೆ ಎಸ್ಯಾಟ್ ಎಂಬ ಪ್ರವೇಶ ಪರೀಕ್ಷೆ ಬರೆಯಲೇಬೇಕು. ಇಂಪೀರಿಯಲ್ ಕಾಲೇಜಿನ ಹಲವು ಎಂಜಿನಿಯರಿಂಗ್ ವಿಭಾಗಗಳೂ ಅದನ್ನೇ ಕೇಳುತ್ತವೆ. ಇಂಥ ಪರೀಕ್ಷೆ ಅರ್ಜಿಗೆ ತೊಡಿಸುವ ಒಡವೆಯಲ್ಲ, ಬಾಗಿಲಿನ ಕೀಲಿ. ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್‌ಗಳ ಅರ್ಜಿಯ ಗಡುವು ಅಕ್ಟೋಬರ್ 15. ತಲಕಾವೇರಿಯ ತೀರ್ಥೋದ್ಭವಕ್ಕೆ ಮನೆಯವರೆಲ್ಲ ಹೊರಡುವ ದಿನಗಳವು ಎಂದು ನೆನಪಿಟ್ಟುಕೊಂಡರೆ ಮರೆಯುವುದಿಲ್ಲ.

ನೀವು ಕೇಳದಿದ್ದರೂ ಜರ್ಮನಿಯ ವಿಷಯವನ್ನು ಹೇಳಲೇಬೇಕು. ಭಾರತದ ಹನ್ನೆರಡನೆಯ ತರಗತಿಯೊಂದರಿಂದಲೇ ಇಲ್ಲಿ ನೇರವಾಗಿ ಪದವಿಗೆ ಸೇರಲು ಸಾಮಾನ್ಯವಾಗಿ ಆಗುವುದಿಲ್ಲ. ಭಾರತದಲ್ಲಿ ಒಂದು ವರ್ಷ ಪದವಿ ಓದಿರಬೇಕು, ಇಲ್ಲವೇ ಇಲ್ಲಿ ಒಂದು ವರ್ಷದ ಪೂರ್ವಸಿದ್ಧತಾ ಕಾಲೇಜು ಮುಗಿಸಬೇಕು. ಜೆಇಇ ಅಡ್ವಾನ್ಸ್ಡ್‌ನಲ್ಲಿ ಅರ್ಹತೆ ಪಡೆದವರಿಗೆ ಮಾತ್ರ ತಾಂತ್ರಿಕ ವಿಷಯಗಳಲ್ಲಿ ನೇರ ದಾರಿಯಿದೆ. ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವೇ ಇಲ್ಲ. ಹಣದ ಚಿಂತೆಯನ್ನು ನೀವು ಮುಚ್ಚುಮರೆಯಿಲ್ಲದೆ ಹೇಳಿಕೊಂಡಿರುವುದರಿಂದ, ಐದು ಎಪಿಗಳ ತರಬೇತಿಗೆ ಸುರಿಯುವ ದುಡ್ಡಿಗಿಂತ ಜೆಇಇ ತಯಾರಿಗೆ ಹಾಕಿದ ದುಡ್ಡು ಐಐಟಿಗೂ ಆಯಿತು, ಜರ್ಮನಿಗೂ ಆಯಿತು ಎಂಬುದನ್ನು ಗಮನಿಸಿ. ಪದವಿಗೆ ಇಂಗ್ಲಿಷ್ ಮಾಧ್ಯಮದ ಕೋರ್ಸುಗಳು ಕಡಿಮೆ ಇರುವುದರಿಂದ ಜರ್ಮನ್ ಭಾಷೆಯನ್ನು ಮಾತ್ರ ಈಗಿನಿಂದಲೇ ಕಲಿಯಬೇಕಾಗುತ್ತದೆ.

ಕಾಫಿ ಬೆಳೆಗಾರ, ಸಿದ್ದಾಪುರ:

ಎಲ್ಲರಿಗೂ ಕೃತಜ್ಞತೆಗಳು. ಇದನ್ನೆಲ್ಲ ಮಗಳಿಗೆ ಓದಿಸಿದೆ. ಜರ್ಮನಿಯ ಭಾಗವನ್ನು ಅವಳು ಎರಡು ಸಲ ಓದಿದಳು, ಆದರೂ ಅಮೆರಿಕದ ಆಸೆ ಬಿಟ್ಟಿಲ್ಲ. ಉಪನ್ಯಾಸಕಿ ಮೇಡಂ ಅವರಲ್ಲಿ ಇನ್ನೊಂದು ಪ್ರಶ್ನೆ. ಮುಂದಿನ ಮೇ ತಿಂಗಳಿಗೆ ಒಂದೋ ಎರಡೋ ಬರೆಯುವುದಾದರೆ ಯಾವ ವಿಷಯ? ತರಬೇತಿಗೆ ಸೇರಿಸದೆ ಮನೆಯಲ್ಲೇ ಓದಿ ಬರೆಯಲು ಸಾಧ್ಯವೇ? ನಮ್ಮಲ್ಲಿ ಮಳೆಗಾಲದಲ್ಲಿ ಕರೆಂಟು ಹೋದರೆ ಎರಡು ಮೂರು ದಿನ ಬರುವುದಿಲ್ಲ, ನೆಟ್‌ವರ್ಕ್ ವಿಷಯ ಹೇಳುವುದೇ ಬೇಡ.

ಗಣಿತ ಉಪನ್ಯಾಸಕಿ, ಪೊನ್ನಂಪೇಟೆ:

ಮನೆಯಲ್ಲೇ ಓದಲು ಸಾಧ್ಯವಿದೆ ಸರ್. ಹಿಂದಿನ ವರ್ಷಗಳ ವಿವರಣಾತ್ಮಕ ಪ್ರಶ್ನೆಗಳನ್ನೂ ಅವುಗಳಿಗೆ ಅಂಕ ಹಾಕುವ ಕ್ರಮವನ್ನೂ ಕಾಲೇಜ್ ಬೋರ್ಡ್ ತನ್ನ ಜಾಲತಾಣದಲ್ಲಿ ಉಚಿತವಾಗಿ ಇಟ್ಟಿದೆ; ನೆಟ್‌ವರ್ಕ್ ಇರುವ ದಿನ ಇಳಿಸಿಕೊಂಡು ಮುದ್ರಿಸಿಟ್ಟುಕೊಂಡರೆ ಮಳೆಯ ತೊಂದರೆಯಿಲ್ಲ. ಖಾನ್ ಅಕಾಡೆಮಿಯ ಪಾಠಗಳೂ ಉಚಿತ.

ವಿಷಯದ ಆಯ್ಕೆಯಲ್ಲಿ ಎಚ್ಚರ ಬೇಕು. ಸಿಬಿಎಸ್‌ಇ ಹನ್ನೊಂದರಲ್ಲಿ ಕಲನಶಾಸ್ತ್ರದ (ಕ್ಯಾಲ್ಕುಲಸ್) ಮಿತಿ ಮತ್ತು ನಿಷ್ಪನ್ನಗಳ (ಡೆರಿವೇಟಿವ್) ಪರಿಚಯವಷ್ಟೇ ಇದೆ, ಅನುಕಲನ (ಇಂಟಿಗ್ರೇಷನ್) ಬರುವುದು ಹನ್ನೆರಡರಲ್ಲಿ. ‘ಕ್ಯಾಲ್ಕುಲಸ್ ಬಿಸಿ’ (BC) ಎಂಬ ಎಪಿ ಬರೆಯಬೇಕಾದರೆ ಹನ್ನೆರಡರ ಕಲನಶಾಸ್ತ್ರವನ್ನು ಮೊದಲೇ ಮುಗಿಸಿ, ನಮ್ಮ ಪಠ್ಯದಲ್ಲಿಲ್ಲದ ಅನಂತ ಶ್ರೇಣಿಗಳ ಅಭಿಸರಣವನ್ನೂ ಕಲಿಯಬೇಕು. ಗಣಿತದಲ್ಲಿ ತಾನಾಗಿಯೇ ಮುಂದೆ ಓಡುವ ಮಗುವಾದರೆ ಹೌದು, ಇಲ್ಲವಾದರೆ ಬೇಡ. ಭೌತಶಾಸ್ತ್ರ 1 ಎಂಬ ಎಪಿ ಮಾತ್ರ ಹನ್ನೊಂದರ ಯಂತ್ರಶಾಸ್ತ್ರಕ್ಕೆ ಬಹಳ ಹತ್ತಿರ: ಚಲನೆ, ಬಲ, ಶಕ್ತಿ, ಸಂವೇಗ, ಆವರ್ತನೆ, ಆಂದೋಲನ, ದ್ರವಗಳು. ಶಾಲೆಯ ಓದಿಗೂ ಅದು ಅಡ್ಡಿಯಾಗುವುದಿಲ್ಲ.

ನಮ್ಮ ಮಕ್ಕಳು ಅಂಕ ಕಳೆದುಕೊಳ್ಳುವುದು ಲೆಕ್ಕ ಬಾರದೆ ಅಲ್ಲ, ಕಾರಣ ಬರೆಯದೆ. ಕ್ಯಾಲ್ಕುಲಸ್‌ನ ಮಾದರಿಯೊಂದನ್ನು ಹೇಳುತ್ತೇನೆ. ತೊಟ್ಟಿಗೆ ನೀರು ಹರಿಯುವ ದರವನ್ನು 0, 2, 5 ಮತ್ತು 9ನೆಯ ನಿಮಿಷಗಳಲ್ಲಿ ಅಳೆದು ಕೋಷ್ಟಕ ಕೊಟ್ಟು, ಆ ದರಕ್ಕೆ ಎಲ್ಲ ಕ್ಷಣಗಳಲ್ಲೂ ನಿಷ್ಪನ್ನವಿದೆ ಎಂದು ಹೇಳಿರುತ್ತಾರೆ. 2ನೆಯ ಮತ್ತು 9ನೆಯ ನಿಮಿಷಗಳಲ್ಲಿ ದರ ಒಂದೇ ಆಗಿದೆ. ದರದ ನಿಷ್ಪನ್ನ ಸೊನ್ನೆಯಾಗುವ ಕ್ಷಣ ಇವೆರಡರ ನಡುವೆ ಇದ್ದೇ ಇರುತ್ತದೆಯೇ, ಸಮರ್ಥಿಸಿ ಎಂದು ಕೇಳುತ್ತಾರೆ. ನಮ್ಮವರು ‘ಹೌದು, ರೋಲನ ಪ್ರಮೇಯ’ ಎಂದು ಬರೆದು ಮುಂದೆ ಹೋಗುತ್ತಾರೆ. ದರವನ್ನು ತಿಳಿಸುವ ಉತ್ಪನ್ನವು (ಫಂಕ್ಷನ್) ನಿಷ್ಪನ್ನ ಹೊಂದಿದೆ, ಆದ್ದರಿಂದ ನಿರಂತರವಾಗಿದೆ, ಎರಡು ತುದಿಗಳಲ್ಲಿ ಬೆಲೆ ಸಮವಾಗಿದೆ, ಆದ್ದರಿಂದ ಪ್ರಮೇಯ ಅನ್ವಯಿಸುತ್ತದೆ ಎಂದು ಷರತ್ತುಗಳನ್ನು ಬಿಡಿಸಿ ಬರೆದವರಿಗೇ ಪೂರ್ಣ ಅಂಕ. ಇದನ್ನು ಕಲಿಯಲು ಕೋಚಿಂಗ್ ಬೇಡ, ಬರೆದದ್ದನ್ನು ಓದಿ ತಿದ್ದುವ ಒಬ್ಬರು ಬೇಕು. ಶಾಲೆಯ ಗಣಿತ ಶಿಕ್ಷಕರನ್ನೇ ಕೇಳಿ.

ಇನ್ನು ಕೇಂದ್ರದ ವಿಷಯ. ಹೊರಗಿನ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುವ ಪರೀಕ್ಷಾ ಕೇಂದ್ರವನ್ನು ಬೆಂಗಳೂರಿನಲ್ಲಿ ಹುಡುಕುವುದು ಸೂಕ್ತ. ಎಲ್ಲ ಕೇಂದ್ರಗಳೂ ಎಲ್ಲ ವಿಷಯಗಳನ್ನು ನಡೆಸುವುದಿಲ್ಲ, ಆದ್ದರಿಂದ ಸೆಪ್ಟೆಂಬರಿನಲ್ಲೇ ಫೋನ್ ಮಾಡಿ ನಿಮ್ಮ ವಿಷಯ ಇದೆಯೇ ಎಂದು ಖಚಿತಪಡಿಸಿಕೊಳ್ಳಿ. ಅಮೆರಿಕದ ಹೊರಗೆ ಒಂದು ಪರೀಕ್ಷೆಗೆ ನೂರು ಡಾಲರಿಗೂ ಹೆಚ್ಚಿನ ಶುಲ್ಕವಿದೆ, ಕೇಂದ್ರದವರ ಸೇವಾ ಶುಲ್ಕ ಬೇರೆ. ಕಟ್ಟುವ ಗಡುವು ರೋಬಸ್ಟಾ ಕುಯ್ಲು ಆರಂಭವಾಗುವ ಮೊದಲೇ ಬರುತ್ತದೆ, ಕಾಫಿ ದುಡ್ಡನ್ನು ನಂಬಿ ಕೂರಬೇಡಿ. 2025ರಿಂದ ಗಣಿತ ಮತ್ತು ಭೌತಶಾಸ್ತ್ರದ ಪ್ರಶ್ನೆಗಳು ಬ್ಲೂಬುಕ್ ಎಂಬ ಆ್ಯಪ್‌ನಲ್ಲಿ ಪರದೆಯ ಮೇಲೆ ಬರುತ್ತವೆ, ವಿವರಣಾತ್ಮಕ ಉತ್ತರಗಳನ್ನು ಮಾತ್ರ ಕಾಗದದಲ್ಲಿ ಬರೆಯಬೇಕು. ಲ್ಯಾಪ್‌ಟಾಪನ್ನು ನೀವೇ ಒಯ್ಯಬೇಕೇ, ಅಲ್ಲಿ ಕೊಡುತ್ತಾರೆಯೇ ಎಂಬುದನ್ನೂ ಅದೇ ಫೋನಿನಲ್ಲಿ ಕೇಳಿಬಿಡಿ.