ಕೃಪೆಯಿಂದ ರಕ್ಷಣೆ ಪಡೆದವನಿಗೆ ನಿರಾಶ್ರಿತರ ಸೇವೆ ಪ್ರಾಯಶ್ಚಿತ್ತವೇ?

ಪ್ರಶ್ನೆ:
ಕುಡಿತದಿಂದ ಬಿಡುಗಡೆ ಹೊಂದಿ ಯೇಸುವಿನಲ್ಲಿ ಹೊಸ ಬದುಕು ಕಂಡವನು ನಾನು. ಈಗ ಸಭೆಯ ಕೆಲವರೊಡನೆ ಬೆಂಗಳೂರಿನ ಕೆ.ಆರ್. ಮಾರುಕಟ್ಟೆಯ ಮೇಲ್ಸೇತುವೆಯ ಕೆಳಗೆ ಮಲಗುವವರಿಗೆ ರಾತ್ರಿ ಊಟ ಹಂಚುತ್ತೇನೆ. ರಕ್ಷಣೆ ಕೃಪೆಯಿಂದಲೇ ದೊರೆಯುವುದಾದರೆ, ಈ ಸೇವೆ ಹಳೆಯ ಪಾಪದ ಸಾಲ ತೀರಿಸುವ ಪ್ರಯತ್ನವಾಗಿಬಿಡುತ್ತದೆಯೇ? ಹಿರಿಯರು ದಯವಿಟ್ಟು ತಿಳಿಸಬೇಕು.

ಉತ್ತರ 1:
ಸಹೋದರರೇ, ಬೈಬಲಿನಲ್ಲಿ ಪೌಲನು ಎಫೆಸದವರಿಗೆ ಬರೆದ ಪತ್ರದ 2ನೆಯ ಅಧ್ಯಾಯವನ್ನು 9ನೆಯ ವಚನಕ್ಕೇ ನಿಲ್ಲಿಸದೆ 10ನೆಯದನ್ನೂ ಓದಿ. ರಕ್ಷಣೆ ಕ್ರಿಯೆಗಳಿಂದಲ್ಲ ಎಂದ ಪೌಲನೇ, ನಾವು ಸತ್ಕ್ರಿಯೆಗಳಿಗಾಗಿ ಸೃಷ್ಟಿಯಾದವರು ಎಂದೂ ಬರೆದಿದ್ದಾನೆ. ಲೂಕನ 19ನೆಯ ಅಧ್ಯಾಯದಲ್ಲಿ ಯೇಸು ಸುಂಕದವನಾದ ಜಕ್ಕಾಯನ ಮನೆಯಲ್ಲಿ ಇಳಿದುಕೊಳ್ಳುವೆನೆಂದದ್ದು ಮೊದಲು. ಅವನು ಆಸ್ತಿಯಲ್ಲಿ ಅರ್ಧವನ್ನು ಬಡವರಿಗೆ ಕೊಡುತ್ತೇನೆಂದದ್ದು ಆಮೇಲೆ. ಕೃಪೆ ಮೊದಲು, ದಾನ ಆಮೇಲೆ ಎಂಬ ಈ ಕ್ರಮವೇ ನಿಮ್ಮ ಸಂದೇಹಕ್ಕೆ ಉತ್ತರವೆಂದು ನಾನು ನಂಬುತ್ತೇನೆ.

ಉತ್ತರ 2:
ಮೇಲಿನ ಮಾತನ್ನು ಒಪ್ಪುತ್ತೇನೆ. ಆದರೆ ಮತ್ತಾಯನ 25ನೆಯ ಅಧ್ಯಾಯದಲ್ಲಿ ಹಸಿದವರಿಗೆ ಊಟ ಕೊಡುವುದರ ಜೊತೆಗೆ ಪರದೇಶಿಯನ್ನು ಸೇರಿಸಿಕೊಳ್ಳುವ ಮಾತೂ ಇರುವುದರಿಂದ, ಪೊಟ್ಟಣವನ್ನು ಕೈಗಿಟ್ಟು ಹೊರಟುಬಿಡಬೇಡಿ. ಕಳುವಾಗದಿರಲೆಂದು ಚಪ್ಪಲಿಯನ್ನು ತಲೆಯಡಿ ಇಟ್ಟುಕೊಂಡು, ಆಧಾರ್ ಕಾರ್ಡನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಒಳಜೇಬಿಗೆ ಸೇರಿಸಿ ಮಲಗುವವರು ಅವರು. ಪಕ್ಕದಲ್ಲಿ ಕುಳಿತು ಹೆಸರು, ಊರು ವಿಚಾರಿಸಿ. ಕೇಂದ್ರ ಸರ್ಕಾರದ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದ ನಿಯಮದಂತೆ ನಗರಗಳಲ್ಲಿ 1 ಲಕ್ಷ ಜನಸಂಖ್ಯೆಗೆ ಕನಿಷ್ಠ 100 ಜನರಿಗೆ ಸಾಲುವ ಆಶ್ರಯ ಇರಬೇಕಿತ್ತು. ಹತ್ತಿರದ ರಾತ್ರಿ ತಂಗುದಾಣ ಎಲ್ಲಿದೆಯೆಂದು ತಿಳಿದುಕೊಂಡು, ಒಪ್ಪಿದವರನ್ನು ನೀವೇ ಜೊತೆಗಿದ್ದು ಕರೆದೊಯ್ಯಿರಿ.

ಉತ್ತರ 3:
ಊಟಕ್ಕೆ ಪ್ರತಿಯಾಗಿ ಪ್ರಾರ್ಥನೆಯನ್ನು ನಿರೀಕ್ಷಿಸಬಾರದು, ಕುಡಿದು ಬಂದವರಿಗೆ ಊಟ ನಿರಾಕರಿಸಲೂಬಾರದು. ಅವರೊಡನೆ ತಾಳ್ಮೆಯಿಂದ ಮಾತನಾಡಲು ಸಭೆಯಲ್ಲಿ ನಿಮಗಿಂತ ತಕ್ಕವರು ಸಿಗುವುದು ಕಷ್ಟ.